ದೊಡ್ಡಪ್ಪನ ಕಿವಿ

ನಮ್ಮ ದೊಡ್ಡಪ್ಪನ ಕಿವಿಗಳು ಅವರ ಮುಖಕ್ಕೆ ಒಂದು ಅಳತೆ ದೊಡ್ಡವು. ಹಾಲೆಗಳು ಜೋತುಬಿದ್ದಿದ್ದವು, ಒಳಗಿನಿಂದ ಬಿಳಿ ಕೂದಲು ಇಣುಕುತ್ತಿತ್ತು, ಬಲಗಿವಿಯ ಮೇಲಂಚು ಮುಂದಕ್ಕೆ ಮಡಚಿಕೊಂಡಿತ್ತು. ಆ ಮಡಿಕೆ ಹುಟ್ಟಿನಿಂದ ಬಂದದ್ದಲ್ಲ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬಂದದ್ದು ಎಂದು ದೊಡ್ಡಮ್ಮ ತಮಾಷೆ ಮಾಡುತ್ತಿದ್ದರು. ದಿನಬೆಳಗಾದರೆ ಆ ಕಿವಿಯ ಪಕ್ಕದಲ್ಲಿ ಗೂಡು ಅಲ್ಲಾಡಿಸಿ ಅಲ್ಲಾಡಿಸಿ ಅದು ಹಾಗಾಗಿದೆಯಂತೆ.

ದೊಡ್ಡಪ್ಪ ರಾಮನಗರದಲ್ಲಿ ನೂಲು ಬಿಚ್ಚಿಸುತ್ತಿದ್ದರು, ಮನೆಯ ಹಿಂದೆಯೇ ನೂಲು ಹೊಸೆಯುವ ಹುರಿ ಮಿಷನ್ನುಗಳನ್ನೂ ಹಾಕಿಸಿದ್ದರು. ಗೂಡು ಕೊಳ್ಳುವ ಮುಂಚೆ ರಾಶಿಯಿಂದ ಒಂದನ್ನು ಎತ್ತಿ, ಕಣ್ಣು ಮುಚ್ಚಿ, ಬಲಗಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಹುಳ ಗಟ್ಟಿಯಾಗಿದ್ದರೆ ಲಟಲಟ ಎನ್ನುತ್ತದೆ. ಸತ್ತು ಕೊಳೆತು ಗೂಡಿನ ಗೋಡೆಗೆ ಅಂಟಿಕೊಂಡಿದ್ದರೆ ಸದ್ದೇ ಇರುವುದಿಲ್ಲ. ಒಮ್ಮೆ ಹೊಂಗನೂರಿನ ಕಡೆಯಿಂದ ಬಂದ ಒಂದು ರಾಶಿ ನೋಡಲು ಬೆಣ್ಣೆಯಂತಿತ್ತು, ತೂಕವೂ ಸರಿಯಾಗಿತ್ತು. ಎಲ್ಲರೂ ಮುಗಿಬಿದ್ದರೂ ದೊಡ್ಡಪ್ಪ ಮಾತ್ರ ಕೈ ಕೊಡವಿಕೊಂಡು ಹಿಂದೆ ಸರಿದರು. ಕೊಂಡವರ ಬಾಣಲೆಯ ಬಿಸಿನೀರಿನಲ್ಲಿ ಗೂಡು ಎಳೆ ಕೊಡದೆ ಕಪ್ಪಗೆ ಕರಗಿ ಹೋಯಿತು. ಅಂದಿನಿಂದ ಮಾರುಕಟ್ಟೆಯಲ್ಲಿ ಅವರ ಕಿವಿಗೆ ಒಂದು ಗೌರವ ಬಂತು. ಆ ಗೌರವವೇ ಅವರನ್ನು ಹಾಳು ಮಾಡಿತು ಎಂದು ನನಗೀಗ ಅನ್ನಿಸುತ್ತದೆ.

ನಾನು ಹೈಸ್ಕೂಲು ಓದಿದ್ದು ಅವರ ಮನೆಯಲ್ಲಿದ್ದುಕೊಂಡು. ಹಾಡು ಕೇಳುವುದನ್ನು ಕಲಿಸಿದವರೂ ಅವರೇ. ಭಾನುವಾರ ಮಿಷನ್ನು ನಿಲ್ಲಿಸಿ, ನಡುಮನೆಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಕ್ಯಾಸೆಟ್ ಹಾಕುತ್ತಿದ್ದರು. "ಹಾಡೋರು ಉಸಿರು ಎಲ್ಲಿ ತಗೊಂಡ್ರು ಹೇಳು ನೋಡಾನ" ಎನ್ನುತ್ತಿದ್ದರು. ತಪ್ಪು ಹೇಳಿದರೆ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿಸುತ್ತಿದ್ದರು. ಸರಿಯಾಗಿ ಹೇಳಿದ ದಿನ ಕಡಲೆಮಿಠಾಯಿ ಸಿಗುತ್ತಿತ್ತು.

ಆ ಕ್ಯಾಸೆಟ್ಟುಗಳಲ್ಲಿ ಕೆಲವು ದೊಡ್ಡಮ್ಮನವು. ದೊಡ್ಡಮ್ಮ ಸೋಬಾನೆ ಹಾಡುತ್ತಿದ್ದರು. ಅವರ ತವರಾದ ಹೊಂಗನೂರಿನ ಸುತ್ತ ಯಾರ ಮನೆಯಲ್ಲಿ ಮದುವೆಯಾದರೂ ಅವರು ಬಂದು ಚಪ್ಪರದಡಿ ಕೂರದೆ ಶಾಸ್ತ್ರ ಶುರುವಾಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ದೊಡ್ಡಪ್ಪ ಟೇಪ್ ರೆಕಾರ್ಡರನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟು ಅವರಿಂದ ಹಾಡಿಸಿ ಹಿಡಿದಿಟ್ಟಿದ್ದರು. ಹಾಡಿನ ಮಧ್ಯೆ ಬಳೆ ಸದ್ದು ಬರುತ್ತಿತ್ತು, ದೂರದಲ್ಲಿ ಕರು ಕೂಗುತ್ತಿತ್ತು. ದಪ್ಪ ದನಿ, ಆದರೆ ತುದಿಯಲ್ಲಿ ಒಂದು ನಯ ಇತ್ತು. ಅದನ್ನು ಬರೆದು ಹೇಳಲು ನನ್ನ ಕೈಲಿ ಆಗುವುದಿಲ್ಲ.

ಕಾಲ ಕಳೆದಂತೆ ದೊಡ್ಡಪ್ಪನಿಗೆ ಎಲ್ಲವೂ ಮಂಕಾಗಿ ಕೇಳತೊಡಗಿತು. ಹುರಿ ಮಿಷನ್ನಿನ ಮನೆಯಲ್ಲಿ ನಿಂತು ಮಾತಾಡಿದವರಿಗೆ ಗೊತ್ತು, ಅಲ್ಲಿ ಪಕ್ಕದಲ್ಲಿದ್ದವರಿಗೂ ಕಿರುಚಿಯೇ ಹೇಳಬೇಕು. ಆಯುಷ್ಯವೆಲ್ಲ ಅಲ್ಲೇ ನಿಂತ ಕಿವಿ ಹೇಗೆ ಉಳಿದೀತು? ಆದರೆ ಅವರು ಕಿವಿಯನ್ನು ಬಿಟ್ಟು ಉಳಿದೆಲ್ಲದರ ಮೇಲೆ ಅನುಮಾನಪಟ್ಟರು. ಸ್ಪೀಕರ್ ಸರಿಯಿಲ್ಲ ಎಂದು ಬದಲಾಯಿಸಿದರು. ಆಂಪ್ಲಿಫೈಯರ್ ಬದಲಾಯಿಸಿದರು. ಬೆಂಗಳೂರಿನ ಒಬ್ಬ ಅಂಗಡಿಯವನು ಹೆಬ್ಬಾವಿನ ಗಾತ್ರದ ವೈರು ಮಾರಿದ, ಅದನ್ನೂ ತಂದು ಹಾಕಿದರು. ಸ್ಪೀಕರಿನ ಕೆಳಗೆ ಮೊಳೆಯಂತೆ ಚೂಪಾದ ಮರದ ಕಾಲುಗಳಿದ್ದರೆ ದನಿ ಬಿಡಿಬಿಡಿಯಾಗಿ ಕೇಳುತ್ತದೆ ಎಂದು ಅವನೇ ಹೇಳಿದನಂತೆ. ಚನ್ನಪಟ್ಟಣದ ಬೊಂಬೆ ಮಾಡುವವರ ಹತ್ತಿರ ಹೋಗಿ ಅರಗು ಬಣ್ಣದ ಕಾಲುಗಳನ್ನು ಕಡೆಸಿಕೊಂಡು ಬಂದರು. ಪ್ರತಿ ಸಲವೂ ಕೀರಲು ದನಿ ಏರಿಸುವ ಟ್ರೆಬಲ್ ತಿರುಪನ್ನು ಇನ್ನಷ್ಟು ತಿರುಗಿಸುತ್ತಿದ್ದರು. "ಸಾರ್, ನಿಮ್ಮಂಥ ಕಿವಿ ನಾನು ನೋಡಿಲ್ಲ" ಎನ್ನುತ್ತಿದ್ದನಂತೆ ಆ ಅಂಗಡಿಯವನು. ಅವನ ನಾಲಿಗೆ ಬಿದ್ದುಹೋಗ.

ದೊಡ್ಡಮ್ಮ ಮಾತ್ರ ಹಾಡು ಶುರುವಾದರೆ ಸೆರಗಿನಿಂದ ಕಿವಿ ಮುಚ್ಚಿಕೊಂಡು ಜಗಲಿಗೆ ಹೋಗುತ್ತಿದ್ದರು. "ಈ ಪೆಟ್ಗೆ ಬಾಯ್ಬುಟ್ರೆ ಹಲ್ಲೆಲ್ಲಾ ಜುಮ್ ಅಂತದೆ ಕಣವ್ವ. ನಿಮ್ಮ ದೊಡ್ಡಪ್ಪಂಗೆ ಒಸಿ ಹೇಳು" ಎಂದು ನನ್ನ ಹತ್ತಿರ ಅಳುತ್ತಿದ್ದರು.

ನಾನು ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬು ನೋಡಿಕೊಳ್ಳುತ್ತೇನೆ. ನನಗೆ ಅನ್ನ ಹಾಕುವುದೇ ಅಳತೆ. ಒಂದು ಭಾನುವಾರ ಅಳತೆಯ ಮೈಕು ತಂದು ದೊಡ್ಡಪ್ಪ ಕೂರುವ ಕುರ್ಚಿಯಲ್ಲಿ, ಅವರ ತಲೆ ಬರುವ ಎತ್ತರಕ್ಕೆ ನಿಲ್ಲಿಸಿದೆ. ಕೆಳಗಿನ ದನಿಯಿಂದ ಕೀರಲು ದನಿಯವರೆಗೆ ಒಂದೇ ಸಮನೆ ಏರುವ ಸದ್ದು ಹಾಕಿ ಫೋನಿನಲ್ಲಿ ಗೆರೆ ಬರೆಸಿದೆ. ಗೆರೆ ಬಲಗಡೆಗೆ ಹೋದಂತೆ ಸರ್‍ರನೆ ಮೇಲೆದ್ದಿತ್ತು.

"ನೋಡಿ ದೊಡ್ಡಪ್ಪ, ಕೀರಲು ದನಿ ಬರೋ ಕಡೆ ಹೆಂಗೆ ಎದ್ದೈತೆ. ಸ್ಪೀಕರ್ ಮಂಕಾಗಿಲ್ಲ. ಒಂದ್ಸಲ ಕಿವಿ ತೋರಿಸ್ಕೊಂಡು ಬರಾನ ಬನ್ನಿ."

ಅವರು ಫೋನನ್ನು ದೂರ ಹಿಡಿದು ನೋಡಿದರು. "ಏನವ್ವಾ ಇದು, ರಾಮದೇವರ ಬೆಟ್ಟದ ಪಟ ತೋರಿಸ್ತಿದ್ದೀಯಾ?" ಎಂದು ನಕ್ಕರು. ಆಮೇಲೆ ನಗು ನಿಂತಿತು. "ನಿನ್ ಮೈಕಿಗೆ ಹಾಡು ಅಂದ್ರೆ ಏನು ಗೊತ್ತು? ಗೂಡ್ನ ಕಿವಿಗಿಟ್ಕೊಂಡು ಈ ಮನೆ ಕಟ್ಟಿದೋನು ನಾನು. ಈ ಕಿವಿ ಯಾವತ್ತೂ ಸುಳ್ಳು ಹೇಳಿಲ್ಲ ಕಣವ್ವ."

ನಾನು ಮೈಕು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಹೊಂಗನೂರಿನ ಆ ರಾಶಿ ನನಗೂ ನೆನಪಿತ್ತು.

ಅನಾಹುತ ಆದದ್ದು ಆಮೇಲೆ. ದೊಡ್ಡಮ್ಮನ ಕ್ಯಾಸೆಟ್ಟುಗಳು ಹಳೆಯವಾಗಿ ದನಿ ಮುಸುಕಿಕೊಂಡಿದೆ, ಅದನ್ನು ಉಳಿಸಬೇಕು ಎಂದು ದೊಡ್ಡಪ್ಪನಿಗೆ ಹುಚ್ಚು ಹತ್ತಿತು. ಎಲ್ಲವನ್ನೂ ಕೈಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿ ಅದೇ ಅಂಗಡಿಯವನ ಹತ್ತಿರ ಹೋದರು. ಪಕ್ಕದಲ್ಲೇ ಕೂತು "ಇನ್ನೊಸಿ ಏರ್ಸಪ್ಪ, ಇನ್ನೊಸಿ" ಎಂದು ಹೇಳಿ ಹೇಳಿ ಕಂಪ್ಯೂಟರಿಗೆ ಇಳಿಸಿದರು. ಅಂಗಡಿಯವನ ಕಿವಿ ಚೆನ್ನಾಗಿಯೇ ಇತ್ತು. ಅದು ಕೀರಿ ಒಡೆಯುತ್ತಿದ್ದದ್ದು ಅವನಿಗೆ ಕೇಳಿಸದೆ ಇರಲು ಸಾಧ್ಯವೇ ಇಲ್ಲ. ಗಿರಾಕಿಗೆ ಬೇಜಾರು ಮಾಡಬಾರದು ಎಂದು ಬಾಯಿ ಮುಚ್ಚಿಕೊಂಡ.

ದೊಡ್ಡಪ್ಪ ಪೆನ್ ಡ್ರೈವ್ ತಂದು ಹಾಕಿ, ದೊಡ್ಡಮ್ಮನನ್ನು ಕೈಹಿಡಿದು ಕರೆತಂದು ಎದುರಿಗೆ ಕೂರಿಸಿದರು. ಆ ದಿನ ನಾನೂ ಅಲ್ಲಿದ್ದೆ. ತಗಡನ್ನು ಕಲ್ಲಿನ ಮೇಲೆ ಎಳೆದಂತೆ ಒಂದು ಸದ್ದು ಬಂತು. ಬಳೆ ಸದ್ದು ಸೂಜಿಯಾಗಿತ್ತು. ದೊಡ್ಡಮ್ಮ ದೊಡ್ಡಪ್ಪನ ಕಡೆ ತಿರುಗಿದರು.

"ಇದ್ಯಾರು? ನಾನಾ?"

"ಇನ್ಯಾರು ಮತ್ತೆ? ಎಂಗೈತೆ ನೋಡು, ಕನ್ನಡಿ ಒರ್ಸಿದಂಗೆ!"

"ನಾನಲ್ಲ ಬುಡಿ. ಕತ್ತು ಇಸುಕಿದ ಕೋಳಿ ಅದು."

"ನಿಂಗೆ ವಯಸ್ಸಾಯ್ತು ಕಣೇ, ಕಿವಿ ಓಗೈತೆ" ಎಂದರು ದೊಡ್ಡಪ್ಪ. ದೊಡ್ಡಮ್ಮ ಎದ್ದು ಅಡಿಗೆಮನೆಗೆ ಹೋದರು.

ಕ್ಯಾಸೆಟ್ಟುಗಳು ಎಲ್ಲಿ ಎಂದು ಕೇಳಿದೆ. ಗುಜರಿಯವನಿಗೆ ಹಾಕಿದೆ ಎಂದರು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನೂಲು ಬಿಚ್ಚಾದ್ಮೇಲೆ ಹುಳ ಮನೇಲಿಟ್ಕೋತಾರಾ?" ಎಂದು ಕೇಳಿದರು. ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಒಂದೂ ಸಿಗಲಿಲ್ಲ.

ಅದಾದ ಮೇಲೆ ದೊಡ್ಡಮ್ಮ ಯಾವ ಮದುವೆಯಲ್ಲೂ ಹಾಡಲಿಲ್ಲ. ಫೋನಿನಲ್ಲಾದರೂ ಮತ್ತೆ ಹಿಡಿದಿಡೋಣ ಎಂದು ಹೋದರೆ "ನಿಮ್ಮ ದೊಡ್ಡಪ್ಪ ಕೇಳಿದ್ದೇ ಸಾಕು ಬುಡು" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಒಲೆಯ ಮುಂದೆ ಕುಸಿದರು, ಮತ್ತೆ ಮಾತಾಡಲಿಲ್ಲ, ವಾರದೊಳಗೆ ಹೋದರು.

ಆಮೇಲೆ, ಮದುವೆಯಾಗಿ ಬೇರೆ ಊರಲ್ಲಿದ್ದ ದೊಡ್ಡಪ್ಪನ ಮಗಳು ಹಟ ಹಿಡಿದು ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೇಲಿನ ದನಿಗಳು ಹೋಗಿ ಎಷ್ಟೋ ವರ್ಷವಾಗಿರಬೇಕು ಎಂದರಂತೆ ಡಾಕ್ಟರು. ಕಿವಿಗೆ ಮಷೀನು ಹಾಕಿಸಿಕೊಂಡು ಮನೆಗೆ ಬಂದ ದಿನ ನಾನು ನೋಡಲು ಹೋದೆ. ಮಗುವಿನಂತೆ ಓಡಾಡುತ್ತಿದ್ದರು. "ಚಪ್ಲಿ ಸದ್ದು ಮಾಡ್ತದಲ್ಲವ್ವಾ! ಕೊಳಾಯಿ ತೊಟ್ಟಿಕ್ತಾ ಐತೆ!" ಎಂದು ಬೆರಗಾಗುತ್ತಿದ್ದರು. ಆಮೇಲೆ ನಡುಮನೆಗೆ ಹೋಗಿ, ನಾನು ಬೇಡ ಎನ್ನುವುದರೊಳಗೆ, ದೊಡ್ಡಮ್ಮನ ಹಾಡು ಹಾಕಿದರು.

ಒಂದು ಸಾಲು ಕೂಡ ಮುಗಿಯಲಿಲ್ಲ. ನಿಲ್ಲಿಸಿ ಗೋಡೆ ಹಿಡಿದುಕೊಂಡರು.

"ಯಾಕವ್ವಾ ಯಾರೂ ನಂಗೆ ಹೇಳ್ನಿಲ್ಲ?"

ನನಗೆ ಮೈಯೆಲ್ಲ ಉರಿದುಹೋಯಿತು. "ಎಲ್ಲಾರೂ ಹೇಳಿದ್ವಿ ದೊಡ್ಡಪ್ಪ. ದೊಡ್ಡಮ್ಮನೇ ಹೇಳಿದ್ರು" ಎಂದೆ. ಆ ಮಾತು ಆಡಿದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಅವರು ಕುರ್ಚಿಯಲ್ಲಿ ಕೂತರು. ಎರಡೂ ಕಿವಿಯಿಂದ ಮಷೀನು ಬಿಚ್ಚಿ ಸ್ಪೀಕರಿನ ಮೇಲಿಟ್ಟು, ಹಾಡನ್ನು ಮೊದಲಿನಿಂದ ಹಾಕಿದರು. ನಾನು ಕಿವಿ ಮುಚ್ಚಿಕೊಂಡೆ. ಅವರು ಕಣ್ಣು ಮುಚ್ಚಿ, ಆ ಮಡಚಿದ ಬಲಗಿವಿಗೆ ಅಂಗೈ ಒಡ್ಡಿ, ತಲೆ ಆಡಿಸತೊಡಗಿದರು.

"ಈಗ ಸರೋಯ್ತು. ಈಗ ಅವಳೇಯಾ" ಎಂದರು.

ಅಂದಿನಿಂದ ಮಷೀನು ಮುಟ್ಟಲಿಲ್ಲ. ಮಗಳು ಬೈದಳು, ನಾನೂ ಬೈದೆ. ಮೊಮ್ಮಕ್ಕಳ ಮಾತು ಕೇಳಿಸದೆ ಸುಮ್ಮನೆ ನಗುತ್ತಿದ್ದರು. ದಿನಾ ಮಧ್ಯಾಹ್ನ ಆ ಕೀರಲು ಶುರುವಾದರೆ ಬೀದಿಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಹಾಡು ಮುಗಿದು ಮತ್ತೆ ಶುರುವಾಗಲಿಲ್ಲ. ಎದುರುಮನೆಯವರಿಗೆ ಅನುಮಾನ ಬಂದು ಹೋಗಿ ನೋಡಿದರೆ ದೊಡ್ಡಪ್ಪ ಕುರ್ಚಿಯಲ್ಲೇ ತಲೆ ವಾಲಿಸಿದ್ದರು.

ಆ ಪೆನ್ ಡ್ರೈವ್ ಈಗ ನನ್ನ ಹತ್ತಿರ ಇದೆ. ನನಗೆ ಗೊತ್ತಿರುವ ಎಲ್ಲ ಅಳತೆಯನ್ನೂ ಹಿಡಿದು ಅದನ್ನು ಸರಿಮಾಡಲು ನೋಡಿದೆ. ಕೀರಲು ತಗ್ಗುತ್ತದೆ, ಒಡೆದ ದನಿ ಕೂಡುವುದಿಲ್ಲ. ಹಾಡೋರು ಉಸಿರು ಎಲ್ಲಿ ತೆಗೆದುಕೊಂಡರು ಎಂದು ಕೇಳುವುದನ್ನು ದೊಡ್ಡಪ್ಪ ನನಗೆ ಚೆನ್ನಾಗಿಯೇ ಕಲಿಸಿದ್ದರು. ಪ್ರತಿ ಸಲವೂ ಆ ಜಾಗಕ್ಕೆ ಕಾದು ಕೂರುತ್ತೇನೆ. ಅಲ್ಲಿ ಉಸಿರಿಲ್ಲ, ಬರೀ ಕರಕರ. ಅದು ದೊಡ್ಡಮ್ಮನಾಗಿ ಕೇಳುತ್ತಿದ್ದದ್ದು ದೊಡ್ಡಪ್ಪ ಒಬ್ಬರ ಕಿವಿಗೆ, ಆ ಕಿವಿಯನ್ನು ನಾವು ಅವರ ಜೊತೆಗೇ ಸುಟ್ಟು ಬಂದೆವು. ನನ್ನ ಕಿವಿ ಇನ್ನೂ ಚೆನ್ನಾಗಿದೆ.