ಹೆಪ್ಪು ಬಿದ್ದ ಕೆನೆ

ನನ್ನ ದಿನಚರಿಯ ಒಂದು ಹಾಳೆಯ ಬಲ ಅಂಚಿನಲ್ಲಿ ಅರ್ಧ ಅಂಗೈಯಷ್ಟು ಅಗಲದ ಜಿಡ್ಡಿನ ಕಲೆಯೊಂದಿದೆ. ನನ್ನನ್ನು ಬಲ್ಲವರು ಇದನ್ನು ಸುಲಭಕ್ಕೆ ನಂಬಲಾರರು. ವಾರಕ್ಕೊಂದು ಹಾಳೆ, ಅದರ ಒಂದೇ ಮಗ್ಗುಲಿಗೆ ಬರೆಯುವವಳು ನಾನು. ತಾರೀಖಿನ ಕೆಳಗೆ ಅಡ್ಡಗೆರೆ, ಅಂಚಿಗೆ ಉದ್ದಗೆರೆ, ಆ ಉದ್ದಗೆರೆಯ ಆಚೆಯ ಸಣ್ಣ ಅಂಕಣದಲ್ಲಿ ದಿನದ ಎಣಿಕೆಗಳು. ಬಸ್ಸಿಗೆ ಎಷ್ಟು ನಿಮಿಷ ಕಾದೆ, ಹಿತ್ತಲಿನ ಕರಿಬೇವು ಎಷ್ಟು ಕುಡಿಯೊಡೆಯಿತು, ಅಮ್ಮ ಎಷ್ಟು ಸಲ ಕನ್ನಡಕ ಹುಡುಕಿದಳು, ಇಂಥವು. ದಿನ ಬೆಳಗಾದರೆ ಹಿರಿಯೂರಿನಿಂದ ಮಾರಿಕಣಿವೆಯ ಜಲಾಶಯಕ್ಕೆ ಹೋಗಿ ಅಳತೆಪಟ್ಟಿಯಲ್ಲಿ ನೀರಿನ ಮಟ್ಟ ನೋಡಿ ಬರೆದಿಡುವುದೇ ಉದ್ಯೋಗವಾಗಿರುವವಳಿಗೆ, ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಕಂಡದ್ದನ್ನೆಲ್ಲ ಒಂದು ಪಟ್ಟಿಯ ಮೇಲೆ ನಿಲ್ಲಿಸಿ ಅಳೆಯಬೇಕು ಅನ್ನಿಸುತ್ತದೆ.

ಆ ಅಂಕಣದಲ್ಲಿ ಒಂದು ಎಣಿಕೆಯನ್ನು ಮಾತ್ರ ನಾನು ಯಾರಿಗೂ ತೋರಿಸಿರಲಿಲ್ಲ. ಅಪ್ಪ ಒಲೆಯ ಮುಂದೆ ನಿಲ್ಲದೆ ಕಳೆದ ದಿನಗಳ ಎಣಿಕೆ ಅದು. ಕಲೆ ಬಿದ್ದ ಭಾನುವಾರಕ್ಕೆ ಅದು ನೂರ ಮೂವತ್ತಮೂರು ಆಗಬೇಕಿತ್ತು.

ಅಪ್ಪ ಬಾಡೂಟದ ಅಡಿಗೆಯವನು. ಬಾಗೂರಿನ ಕಡೆಯಿಂದ ಹಿಡಿದು ಹೊಳಲ್ಕೆರೆಯವರೆಗೆ, ಮದುವೆಯಾದ ಮನೆಯವರು ಮಾರನೆಯ ದಿನದ ಊಟಕ್ಕೆ ಅವನನ್ನು ಕರೆಯುತ್ತಿದ್ದರು. ಮುನ್ನೂರು ಜನಕ್ಕೆ ಉಪ್ಪು ಎಷ್ಟೆಂದು ಅವನು ಯಾವ ಚಮಚದಲ್ಲೂ ಅಳೆದವನಲ್ಲ. ಬೊಗಸೆ ತುಂಬಿ ಎತ್ತಿ, ಒಂದು ಕ್ಷಣ ತೂಗಿ ನೋಡಿ, ಎರಡು ಬೆರಳು ಸಡಿಲಿಸಿ ಸ್ವಲ್ಪ ಉದುರಿಸಿ, ಉಳಿದದ್ದನ್ನು ಹಾಕುತ್ತಿದ್ದ. ಹೊಳಲ್ಕೆರೆಯ ಹತ್ತಿರ ಒಂದು ಊಟದಲ್ಲಿ, ಕುದಿಯುವ ಸಾರಿನ ಕೊಪ್ಪರಿಗೆಯನ್ನು ಇಳಿಸುವಾಗ ಕಾಲು ಜಾರಿ, ಸಾರನ್ನು ಉಳಿಸಿ ಬಲಭುಜವನ್ನು ಮುರಿದುಕೊಂಡ. ಮೂಳೆ ಕೂಡಿತು, ಆದರೆ ಕೈ ಎದೆಯಿಂದ ಮೇಲಕ್ಕೆ ಏಳುವುದಿಲ್ಲ, ಬೆರಳುಗಳಲ್ಲಿ ಹಿಡಿತ ನಿಲ್ಲುವುದಿಲ್ಲ. ಭಾರ ಎತ್ತುವ ಹಾಗಿಲ್ಲ ಎಂದು ವೈದ್ಯರು ಹೇಳಿದ ದಿನ ಅಪ್ಪ ಮನೆಗೆ ಬಂದವನೇ ತನ್ನ ಉದ್ದ ಹಿಡಿಯ ಸೌಟನ್ನು ಅಟ್ಟಕ್ಕೆ ಹಾಕಿಸಿದ. "ಕೊಪ್ಪರಿಗೆ ಎತ್ತಕ್ಕಾಗದೋನು ಅಡಿಗೆಯೋನು ಹೆಂಗಾಗ್ತಾನೆ" ಅಂದ. ಅವತ್ತಿನಿಂದ ಹಿತ್ತಲ ಕಡೆಯ ಜಗುಲಿಯ ಮಂಚವೇ ಅವನ ಜಾಗ. ಇಟ್ಟದ್ದನ್ನು ಉಣ್ಣುತ್ತಿದ್ದ; ಚೆನ್ನಾಗಿದೆ ಎನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಎಂದೂ ಎನ್ನುತ್ತಿರಲಿಲ್ಲ. ಅಡಿಗೆಯಲ್ಲಿ ತಪ್ಪು ಹುಡುಕುವುದನ್ನು ಅಪ್ಪ ನಿಲ್ಲಿಸಿದ್ದೇ ನಮ್ಮನ್ನು ಹೆಚ್ಚು ಹೆದರಿಸಿದ್ದು.

ಅವನನ್ನು ಒಲೆಯ ಹತ್ತಿರ ಕರೆತರುವ ದಾರಿ ನನಗೆ ಹೊಳೆದದ್ದು ಬಸ್ಸಿನಲ್ಲಿ, ಫೋನಿನ ಪುಟ್ಟ ಪರದೆಯಲ್ಲಿ. ಯಾರೋ ಒಬ್ಬಾಕೆ ಒಂದೇ ಬಾಣಲೆಯಲ್ಲಿ, ಇಟಲಿಯ ರೀತಿ ಎಂದು ಹೇಳುತ್ತ, ಕೋಳಿಯ ತುಂಡುಗಳನ್ನು ಕೆಂಪಗೆ ಬಾಡಿಸಿ, ಬೆಳ್ಳುಳ್ಳಿ, ಒಣಗಿದ ಟೊಮೆಟೊ, ಸೊಪ್ಪು ಹಾಕಿ, ಮೇಲೆ ಕೆನೆ ಸುರಿದು, ಅರ್ಧ ಗಂಟೆಯೊಳಗೆ ಊಟ ಮುಗಿಸಿಬಿಟ್ಟಳು. ಎತ್ತುವುದಿಲ್ಲ, ಬಗ್ಗಿಸುವುದಿಲ್ಲ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವುದಿಲ್ಲ. ಒಂದು ಕೈ ಇದ್ದರೂ ಸಾಕು ಅನ್ನಿಸಿತು ನನಗೆ.

ಅಪ್ಪನ ಸಾರನ್ನೇ ನೀನು ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಪ್ಪ ಜಗುಲಿಯಲ್ಲಿ ಮಲಗಿರುವಾಗ ಅಪ್ಪನ ಸಾರನ್ನು ಮಾಡುವುದೆಂದರೆ ಅವನು ಎದ್ದುಹೋದ ಮಣೆಯ ಮೇಲೆ ನಾನು ಹೋಗಿ ಕೂತ ಹಾಗೆ. ಚೆನ್ನಾಗಿ ಆದರೆ ಅವನಿಗೆ ನೋವು, ಕೆಟ್ಟರೆ ಇಬ್ಬರಿಗೂ. ಇಟಲಿಯ ಅಡಿಗೆಗೆ ನಮ್ಮ ಮನೆಯಲ್ಲಿ ಒಡೆಯರಿರಲಿಲ್ಲ. ಅಲ್ಲಿ ನಾನು ಎಡವಬಹುದಿತ್ತು, ಅವನು ನಗಬಹುದಿತ್ತು, ಯಾರ ಮರ್ಯಾದೆಗೂ ಕುಂದಿರಲಿಲ್ಲ. ದೂರದೇಶದ ತಿನಿಸುಗಳು ನಮ್ಮೂರಿಗೆ ಬಂದು ಮಾಡುವ ದೊಡ್ಡ ಉಪಕಾರ ಇದೇ ಇರಬೇಕೆಂದು ಈಗ ಅನ್ನಿಸುತ್ತದೆ: ಅವು ಯಾರ ಅಜ್ಜಿಯ ಕೈರುಚಿಯ ಜೊತೆಗೂ ಪೈಪೋಟಿಗೆ ನಿಲ್ಲುವುದಿಲ್ಲ.

ಸಿದ್ಧತೆಯನ್ನು ನಾನು ನನ್ನ ರೀತಿಯಲ್ಲೇ ಮಾಡಿದೆ. ಟೊಮೆಟೊ ಹನ್ನೊಂದು, ಸೀಳಿ ಉಪ್ಪು ಹಚ್ಚಿ ಮಾಳಿಗೆಯ ಮೇಲೆ. ನಮ್ಮ ಹಿರಿಯೂರಿನ ಬಿಸಿಲಿಗೆ ಎರಡು ದಿನ ಸಾಕಾಯಿತು. ಸಂಡಿಗೆ ಇಟ್ಟಿದ್ದೇನೆಂದು ತಿಳಿದ ಅಮ್ಮ ಕಾಗೆ ಓಡಿಸಲು ಕೋಲು ಹಿಡಿದು ಕಾದಳು. ಚಿತ್ರದುರ್ಗಕ್ಕೆ ಹೋದಾಗಲೆಲ್ಲ ಪಿಜ್ಜಾ ಅಂಗಡಿಯಿಂದ ತಂದು ಕೂಡಿಟ್ಟಿದ್ದ ಒಣ ಎಲೆಯ ಪುಡಿಯ ಪೊಟ್ಟಣಗಳು ಏಳು. ಪಾಲಕ್ ಒಂದು ಕಟ್ಟು. ಕೋಳಿ ಮುಕ್ಕಾಲು ಕಿಲೋ. ಸಿಗದೇ ಉಳಿದದ್ದು ಕೆನೆಯೊಂದೇ. ಮೂರು ಅಂಗಡಿ ಸುತ್ತಿದೆ, ಇಬ್ಬರು ಮೊಸರು ಕೊಟ್ಟರು, ಒಬ್ಬ ಮುಖಕ್ಕೆ ಹಚ್ಚುವ ಕ್ರೀಮು ತೋರಿಸಿದ.

ಆದರೆ ಕೆನೆ ನಮ್ಮ ಮನೆಯಲ್ಲೇ ಇತ್ತು. ಕಾಯಿಸಿದ ಹಾಲಿನ ಮೇಲೆ ಕಟ್ಟಿದ ಕೆನೆಯನ್ನು ಅಮ್ಮ ದಿನವೂ ಎತ್ತಿ ಫ್ರಿಜ್ಜಿನ ಸ್ಟೀಲ್ ಡಬ್ಬಿಗೆ ಹಾಕುತ್ತಾಳೆ; ಅದು ಅಷ್ಟು ದಪ್ಪಗೆ, ಅಷ್ಟು ಬೆಳ್ಳಗೆ, ಫೋನಿನಾಕೆಯ ಕೆನೆಗಿಂತ ಚೆಲುವಾಗಿ ಕಾಣುತ್ತಿತ್ತು. ತೊಡಕೆಂದರೆ ಅಮ್ಮನ ಕಟ್ಟಳೆ. ನಮ್ಮಲ್ಲಿ ಬಾಡಿನ ಬಾಣಲೆ ಬೇರೆ, ಅದರ ಒಲೆ ಬೇರೆ. ಜಗುಲಿಯ ಮೂಲೆಯ ಗ್ಯಾಸಿನ ಒಲೆಯಲ್ಲಿ ಬೇಯಿಸಿ, ಹಿತ್ತಲ ಕಲ್ಲಿನ ಮೇಲೆ ತೊಳೆದು, ಅಲ್ಲೇ ಗೋಡೆಗೆ ಕವುಚಿಡಬೇಕು. ಒಳಮನೆಗೆ ಅದು ಬರುವಂತಿಲ್ಲ, ಅದಕ್ಕೆ ಹಾಲು ತಾಗುವಂತಿಲ್ಲ. ಹಾಲು ಕಾಯುವುದು ಒಳಗೆ, ಬಾಡು ಬೇಯುವುದು ಹೊರಗೆ. ಎರಡರ ನಡುವೆ ಒಂದು ಹೊಸ್ತಿಲು. ಭಾನುವಾರ ಸಂಜೆ ಅಮ್ಮ ಪಕ್ಕದ ಮನೆಗೆ ಹೂ ಕಟ್ಟಲು ಹೋದ ಹೊತ್ತು ನೋಡಿ, ಆ ಡಬ್ಬಿಯನ್ನು ಸೆರಗಿಗೆ ಸುತ್ತಿದಂತೆ ದುಪಟ್ಟಾದಲ್ಲಿ ಮರೆಮಾಡಿಕೊಂಡು ನಾನು ಹೊಸ್ತಿಲು ದಾಟಿದೆ.

ಮೊದಲರ್ಧ ಸೊಗಸಾಗಿ ನಡೆಯಿತು. ಕೋಳಿ ಕೆಂಪಾಯಿತು, ಬೆಳ್ಳುಳ್ಳಿ ಘಮ್ಮೆಂದಿತು. ದಿನಚರಿ ಪಕ್ಕದ ಕಟ್ಟೆಯ ಮೇಲೆ ತೆರೆದಿತ್ತು. ಪ್ರತಿ ಹಂತಕ್ಕೂ ನಿಮಿಷ ಬರೆಯುತ್ತಿದ್ದೆ. ಮಂಚದ ಮೇಲೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಟೊಮೆಟೊ ಹಾಕಿದೆ, ಉರಿ ಜೋರು ಮಾಡಿದೆ, ಡಬ್ಬಿಯ ಕೆನೆಯನ್ನೆಲ್ಲ ಒಂದೇ ಸಲಕ್ಕೆ ಸುರಿದೆ.

ಎಣಿಸಿ ಹನ್ನೆರಡು ಸೆಕೆಂಡು ಅದು ಚಿತ್ರದಂತಿತ್ತು. ಆಮೇಲೆ ಅಂಚಿನಿಂದ ಮುರಿಯತೊಡಗಿತು. ಬಿಳಿಯ ಕಣಗಳು ಒಂದು ಕಡೆ, ಹಳದಿ ನೀರು ಒಂದು ಕಡೆ, ಮೇಲೆ ಎಣ್ಣೆಯ ಗುಳ್ಳೆ. ಹುಳಿ ವಾಸನೆ ಹಿತ್ತಲ ತುಂಬ ಹಬ್ಬುವುದಕ್ಕೂ, ಅಮ್ಮ ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು.

"ಅಯ್ಯೋ, ಆ ಡಬ್ಬಿ ಯಾಕೆ ತಗಂಡ್ಯೇ? ಅದು ಹೆಪ್ಪು ಹಾಕಿದ ಕೆನೆ! ನಾಳೆ ಕಡೆದು ಬೆಣ್ಣೆ ತೆಗ್ಯಾಣ ಅಂತ ಮಜ್ಜಿಗೆ ಬಿಟ್ಟಿದ್ದೆ ಕಣೇ!"

ಬೆಣ್ಣೆಗೆಂದು ಕೂಡಿಡುವ ಕೆನೆಗೆ ಮಜ್ಜಿಗೆ ಬಿಡುತ್ತಾರೆಂದು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅಷ್ಟೆಲ್ಲ ಬರೆದಿಡುವವಳು ಅದನ್ನೊಂದು ಬರೆದಿರಲಿಲ್ಲ. ಫೋನಿನಾಕೆಗೆ ಅದನ್ನು ಎಚ್ಚರಿಸಬೇಕೆಂದು ತೋಚುವುದಾದರೂ ಹೇಗೆ. ಅವಳ ಊರಿನಲ್ಲಿ ಕೆನೆಗೆ ಹೆಪ್ಪು ಬೀಳುತ್ತಿತ್ತೋ ಇಲ್ಲವೋ!

ಅಮ್ಮನ ಸಿಟ್ಟು ಅಲ್ಲಿಗೆ ನಿಲ್ಲಲಿಲ್ಲ. "ಬಾಡಿನ ಬಾಣಲೆಗೆ ಹಾಲು ಹಾಕಿದ್ಯಲ್ಲ, ಯಾವೂರ ಪದ್ಧತಿ ಇದು?"

"ಇಟಲಿ," ಅಂದೆ.

"ಇಟಲಿಯೋರಿಗೆ ಎಮ್ಮೆ ಕಟ್ಟಿ ಗೊತ್ತೈತಾ? ಕಟ್ಟಿದ್ರೆ ಹಿಂಗೆ ಹಾಳು ಮಾಡ್ತಿದ್ರಾ?"

ಅಷ್ಟರಲ್ಲಿ ಮಂಚ ಕಿರ್ರೆಂದಿತು. "ಮೊದ್ಲು ಒಲೆ ಆರ್ಸು. ಜಗಳ ಆಮೇಲಾಡಾಣ," ಅಂದ ಅಪ್ಪ, ಇನ್ನೂ ಗೋಡೆಗೇ ಮುಖವಿಟ್ಟು.

ಒಲೆ ಆರಿಸಿದೆ. ಬಾಣಲೆಯ ಸದ್ದು ಅಡಗಿತು.

"ಹುರಿಗಡ್ಲೆ ಐತಾ?" ಎಂದು ಕೇಳಿದ ಅಪ್ಪ.

"ಐತೆ," ಅಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟು ಇದ್ದಕ್ಕಿದ್ದಂತೆ ಇಲ್ಲವಾಗಿತ್ತು. ಬುಟ್ಟಿಯನ್ನು ಅಲ್ಲೇ ಇಟ್ಟು ಒಳಗೆ ಓಡಿದಳು.

"ಒಂದು ಹಿಡಿ. ನುಣ್ಣಗೆ ಪುಡಿ ಮಾಡಿ ಬಿಸಿನೀರಾಗೆ ಕಲಸ್ಕಂಬಾ. ಗಂಟು ಇರಬಾರ್ದು."

ಅವನು ಎದ್ದು ಬಂದ. ಬಾಣಲೆಗೆ ಬಗ್ಗಿ ಮೂಸಿದ, ಹುಬ್ಬು ಏರಿಸಿದ. "ಇದೇನವ್ವಾ, ಕೋಳಿ ಮಜ್ಜಿಗೆಹುಳಿ ಮಾಡಿದೀಯ!" ಅಂದ. ನೂರ ಮೂವತ್ತಮೂರು ದಿನಗಳಲ್ಲಿ ಅಪ್ಪ ಅಡಿಗೆಗೆ ಇಟ್ಟ ಮೊದಲ ಹೆಸರು ಅದು. ನನಗೆ ನಗು ಬಂತೋ ಅಳು ಬಂತೋ ತಿಳಿಯದೆ ಮೂಗು ಒರೆಸಿಕೊಂಡೆ.

ನನ್ನ ಕೈಯಲ್ಲಿದ್ದ ಸೌಟನ್ನು ಎಡಗೈಗೆ ತೆಗೆದುಕೊಂಡ. ಬಲಗೈಯವನ ಎಡಗೈ ಎಷ್ಟು ಅಪರಿಚಿತವಾದ ಕೈ ಎಂದು ನಾನು ಅವತ್ತು ಕಂಡೆ. ಅದು ಬಾಣಲೆಯ ಅಂಚಿಗೆ ಬಡಿಯಿತು, ಒಂದು ತುಂಡನ್ನು ನೆಲಕ್ಕೆ ಹಾರಿಸಿತು, ಒಂದು ದಪ್ಪ ಹನಿಯನ್ನು ನನ್ನ ತೆರೆದ ದಿನಚರಿಯ ಮೇಲೆ ಬೀಳಿಸಿತು. ನಾನು ಪುಸ್ತಕಕ್ಕೆ ಕೈ ಚಾಚಿದೆ. "ಅದ್ನ ಬಿಡು, ಬಾಣ್ಲೆ ಹಿಡ್ಕ," ಅಂದ. ಬಟ್ಟೆ ಸುತ್ತಿ ಬಾಣಲೆಯ ಎರಡೂ ಕಿವಿ ಹಿಡಿದೆ. ಅಮ್ಮ ಹುರಿಗಡಲೆಯ ಹಾಲನ್ನು ದಾರದಂತೆ ಬಿಡುತ್ತ ಬಂದಳು; ಅವನು ಒಂದೇ ದಿಕ್ಕಿಗೆ, ಅವಸರವಿಲ್ಲದೆ, ತಿರುವುತ್ತ ಹೋದ. ಮುರಿದದ್ದು ಮೆಲ್ಲಗೆ ಕೂಡತೊಡಗಿತು. ಕಣಗಳು ಕರಗಿ ನೀರಿನೊಳಗೆ ಸೇರಿ, ಹಳದಿ ಬಿಳಿಯೊಳಗೆ ಹೋಗಿ, ಕಡೆಗೆ ತಿಳಿ ಗಂಧದ ಬಣ್ಣದ ಮಂದವಾದ ರಸವೊಂದು ಕೋಳಿಯ ತುಂಡುಗಳನ್ನು ಹೊದ್ದುಕೊಂಡಿತು. ಪಾಲಕ್ ಹಾಕಿದೆವು, ಸಣ್ಣ ಉರಿಯಲ್ಲಿ ಮತ್ತೆ ಒಂದೇ ಒಂದು ಕುದಿ. ಮುನ್ನೂರು ಜನದ ಊಟದಲ್ಲಿ ಗಸಗಸೆ ಸಾಲದೆ ಬಂದಾಗ ಹುರಿಗಡಲೆಯೇ ಮಾನ ಕಾಯುತ್ತದಂತೆ. ಇಷ್ಟು ವರ್ಷ ಅಪ್ಪ ಮನೆಯಲ್ಲಿ ಬಿಟ್ಟುಕೊಡದ ಗುಟ್ಟು.

ಊಟಕ್ಕೆ ಕೂತಾಗ ಅಪ್ಪ ಮುದ್ದೆಗೆ ಹಚ್ಚಿ ನೋಡಿ ತಲೆಯಾಡಿಸಿದ: "ಮುದ್ದೆಗೆ ಹೊಂದಲ್ಲ. ರೊಟ್ಟಿ ತಾ." ಎರಡು ರೊಟ್ಟಿ ಉಂಡ, ಮೂರನೆಯದಕ್ಕೆ ಬಾಣಲೆ ಕೆರೆದ. ಅಮ್ಮ ಬೆರಳ ತುದಿಯಲ್ಲಿ ರುಚಿ ನೋಡಿ, "ಕೆನೆ ದಂಡವಾಗ್ಲಿಲ್ಲ ಬಿಡು," ಅಂದು ತಟ್ಟೆ ಮುಂದೆ ಮಾಡಿದಳು. ಬಾಣಲೆ ಮಾತ್ರ ಎಂದಿನಂತೆ ಹಿತ್ತಲ ಕಲ್ಲಿನ ಮೇಲೇ ತೊಳೆದದ್ದು. ಅವಳ ಹೊಸ್ತಿಲು ಕೆನೆಗೆ ದಾರಿ ಬಿಟ್ಟಿತ್ತೇ ಹೊರತು ಬಾಣಲೆಗಲ್ಲ.

ಗೆಳೆಯರೇ, ನನಗೆ ಎಣಿಕೆಯ ಮೇಲೆ ಇಂದಿಗೂ ನಂಬಿಕೆ ಹೋಗಿಲ್ಲ. ಆದರೆ ಜಲಾಶಯದ ಅಳತೆಪಟ್ಟಿಯನ್ನು ದಿನವೂ ನೋಡುವ ನಾನು ಒಂದನ್ನು ಗಮನಿಸದೆ ಹೋಗಿದ್ದೆ: ಪಟ್ಟಿ ಹೇಳುವುದು ನೀರು ಎಲ್ಲಿದೆ ಎಂದು ಮಾತ್ರ, ಅದು ಯಾವ ಹಳ್ಳದಿಂದ, ಯಾವ ಮಳೆಯ ನೆಪದಿಂದ ಬಂದೀತೆಂದು ಅದಕ್ಕೆ ತಿಳಿಯದು. ಅಪ್ಪನನ್ನು ಎಬ್ಬಿಸಲು ನಾನು ಹನ್ನೊಂದು ಟೊಮೆಟೊ, ಏಳು ಪೊಟ್ಟಣ ಎಣಿಸಿ ಹೂಡಿದ ಉಪಾಯದಲ್ಲಿ ಕೆಲಸಕ್ಕೆ ಬಂದದ್ದು ಎಣಿಸದೇ ಬಿಟ್ಟ ಒಂದು ಸೌಟು ಮಜ್ಜಿಗೆ. ಅಡಿಗೆ ಸರಿಯಾಗಿದ್ದರೆ ಅವನು ಗೋಡೆ ನೋಡುತ್ತಲೇ ಉಣ್ಣುತ್ತಿದ್ದನೇನೋ.

ಮುಂದಿನ ಭಾನುವಾರ ನನಗೆ ಕೆಲಸವಿತ್ತು. ಸಂಜೆ ಬಸ್ಸಿಳಿದು ಬೀದಿಗೆ ತಿರುಗುವಾಗಲೇ ಬೆಳ್ಳುಳ್ಳಿಯ ಘಮ ಬಂತು. ಇನ್ನು ಮೇಲೆ ಅಡಿಗೆ ಮಾಡಿದವರೇ ಅದನ್ನು ದಿನಚರಿಯಲ್ಲಿ ಬರೆಯಬೇಕೆಂದು ಕಲೆ ಬಿದ್ದ ದಿನ ಊಟದ ಹೊತ್ತಿಗೆ ನಾನೇ ನಿಯಮ ಮಾಡಿದ್ದೆ. ಆ ನಿಯಮವನ್ನು ಅಪ್ಪ ನಾನು ಬರುವಷ್ಟರಲ್ಲಿ ಪಾಲಿಸಿಬಿಟ್ಟಿದ್ದ.

ಈಗ ಆ ಹಳೆಯ ಹಾಳೆಯನ್ನು ತಿರುವಿ ಮಟ್ಟಸವಾಗಿ ಒತ್ತಿದರೆ, ನೂರ ಮೂವತ್ತಮೂರು ಎಂದು ಬರೆಯಬೇಕಿದ್ದ ಜಾಗದಲ್ಲಿ ಆ ಕಲೆಯೇ ಇದೆ. ನಾನು ಅದನ್ನು ತಿದ್ದಿಲ್ಲ, ಸಂಖ್ಯೆಯನ್ನು ಬೇರೆಡೆ ಬರೆದೂ ಇಲ್ಲ. ಜಿಡ್ಡು ಹೀರಿ ತೆಳುವಾದ ಆ ಕಿಟಕಿಯಿಂದ ಕೆಳಗಿನ ಹಾಳೆಯ ಭಾನುವಾರದ ಸಾಲೊಂದು ಕಾಣುತ್ತದೆ, ಅಪ್ಪ ಎಡಗೈಯಲ್ಲಿ ಬರೆದ, ಒಂದರ ಮೇಲೊಂದು ವಾಲಿದ ಅಕ್ಷರಗಳು: "ಹೋದ ವಾರ ಉಪ್ಪು ಕಮ್ಮಿ ಇತ್ತು. ಹೇಳಲಿಲ್ಲ. ಇವತ್ತು ಸರಿ ಐತೆ."