ಮೂರು ವರ್ಷಕ್ಕೆ ಕಾದಿರಿಸಿದ್ದು

ಕಡಿಮೆ ಬೆಲೆಗೆ ಸಿಗುತ್ತದೆ ಎಂದರೆ ಬೇಡದ್ದನ್ನೂ ಕೊಳ್ಳುವ ಗುಣ ನನ್ನದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಬಸವೇಶ್ವರನಗರದ ನಮ್ಮ ಮನೆಯ ಅಟ್ಟದ ಮೇಲೆ ಎರಡು ರಟ್ಟಿನ ಪೆಟ್ಟಿಗೆ ತುಂಬ ಊದುಬತ್ತಿ ಇದೆ. ಪಕ್ಕದ ರಸ್ತೆಯ ಗ್ರಂಧಿಗೆ ಅಂಗಡಿಯವರು ಅಂಗಡಿ ಮುಚ್ಚುವಾಗ ಅರ್ಧ ಬೆಲೆಗೆ ಕೊಟ್ಟರೆಂದು ಹೊತ್ತು ತಂದದ್ದು. ಆರು ವರ್ಷವಾಯಿತು. ಅದರ ಪರಿಮಳ ಎಂದೋ ಹಾರಿಹೋಗಿದೆ, ಹಚ್ಚಿದರೆ ಹೊಗೆ ಮಾತ್ರ ಬರುತ್ತದೆ. ದೇವರಿಗೆ ಕೆಮ್ಮು ಹತ್ತಿದರೆ ನೀವೇ ಹೊಣೆ ಎಂದು ನನ್ನ ಹೆಂಡತಿ ಗಿರಿಜಾ ಆಗಾಗ ಎಚ್ಚರಿಸುತ್ತಾಳೆ.

ಮನೆಯಲ್ಲಿ ಈ ಗುಣದಿಂದ ಆಗುವ ನಷ್ಟ ಇಷ್ಟೇ. ಹೊಗೆ ಕುಡಿಯುವವರು ನಾವಿಬ್ಬರೇ. ಆದರೆ ಅದೇ ಗುಣವನ್ನು ನಾನು ಆಫೀಸಿಗೂ ತೆಗೆದುಕೊಂಡು ಹೋದೆ. ಅದರ ಕಥೆ ಬೇರೆ.

ಆಫೀಸೆಂದರೆ ವಿಜಯನಗರದ ಮಾರ್ಕೆಟ್ಟಿಗೆ ಹತ್ತಿರ, ಸೀರೆ ಅಂಗಡಿಯೊಂದರ ಮೇಲಿನ ಮಹಡಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದಾಗ, ಐವತ್ತೆರಡು ದಾಟಿದ ಲೆಕ್ಕಪತ್ರದವನನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಕೈಚೆಲ್ಲಿ ಕೂತಿದ್ದೆ. ಆಗ ನಮ್ಮ ಎದುರು ಮನೆಯ ರಾಜಶೇಖರ ಕರೆದು ಕೆಲಸ ಕೊಟ್ಟ. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಸತ್ಯಣ್ಣ ಎಂದೇ ಕರೆಯುತ್ತಾನೆ. ಅವನದು ಶಾಲೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ಮಕ್ಕಳ ಹಾಜರಿ, ಅಂಕಪಟ್ಟಿ, ಶಾಲೆಯ ಬಸ್ಸು ಎಲ್ಲಿ ಬರುತ್ತಿದೆ ಎನ್ನುವುದು, ಎಲ್ಲ ಅಪ್ಪ ಅಮ್ಮಂದಿರ ಫೋನಿಗೆ ಹೋಗಬೇಕು. ಹೋಗದಿದ್ದರೆ ಅವರೆಲ್ಲರೂ ನಮ್ಮ ಫೋನಿಗೆ ಬರುತ್ತಾರೆ.

ಇಷ್ಟೆಲ್ಲ ಮಾಡುವ ಕಂಪ್ಯೂಟರುಗಳು ನಮ್ಮ ಆಫೀಸಿನಲ್ಲಿಲ್ಲ ಎಂದು ತಿಳಿದಾಗ ನನಗೆ ಆಶ್ಚರ್ಯವಾಗಿತ್ತು. ಅವು ಬೇರೆಯವರ ಯಾವುದೋ ದೊಡ್ಡ ಕಟ್ಟಡದಲ್ಲಿರುತ್ತವೆ, ನಾವು ಗಂಟೆಗಿಷ್ಟು ಎಂದು ಬಾಡಿಗೆ ಕೊಡುತ್ತೇವೆ. ಇದಕ್ಕೇ ಕ್ಲೌಡ್ ಎನ್ನುವುದು. ಬೇಕಾದಾಗ ಹತ್ತು ತೆಗೆದುಕೊಳ್ಳಬಹುದು, ಬೇಡವಾದಾಗ ಎಂಟನ್ನು ಬಿಟ್ಟುಕೊಡಬಹುದು. ಅನುಕೂಲಕ್ಕೆ ತಕ್ಕ ಬೆಲೆ, ಸ್ವಲ್ಪ ದುಬಾರಿ. ಆದರೆ ಒಂದು ವರ್ಷಕ್ಕೋ ಮೂರು ವರ್ಷಕ್ಕೋ ಇಷ್ಟು ಕಂಪ್ಯೂಟರು ನಮಗೇ ಇರಲಿ ಎಂದು ಮೊದಲೇ ಮಾತು ಕೊಟ್ಟರೆ ಬಾಡಿಗೆ ಬಹಳ ಇಳಿಯುತ್ತದೆ. ಷರತ್ತು ಒಂದೇ: ಬಳಸಲಿ ಬಿಡಲಿ, ಕೊನೆಯ ದಿನದವರೆಗೂ ದುಡ್ಡು ಕಟ್ಟಬೇಕು. ತಿಂಗಳ ಬಸ್ ಪಾಸು ಮಾಡಿಸಿ ಜ್ವರ ಬಂದು ಮನೆಯಲ್ಲಿ ಮಲಗಿದವರಿಗೆ ಈ ಷರತ್ತು ಹೊಸದೇನೂ ಅಲ್ಲ.

ನನಗೆ ಈ ವಿಷಯ ಗೊತ್ತಾದದ್ದು ಒಂದು ಜೂನ್ ತಿಂಗಳಲ್ಲಿ. ಶಾಲೆ ಶುರುವಾಗಿ, ಹೊಸ ದಾಖಲಾತಿಗಳ ನೂಕುನುಗ್ಗಲಿನಲ್ಲಿ ನಮ್ಮ ಹನ್ನೆರಡು ಬಾಡಿಗೆ ಕಂಪ್ಯೂಟರುಗಳೂ ಬಿಡುವಿಲ್ಲದೆ ದುಡಿಯುತ್ತಿದ್ದವು. ಬಿಲ್ಲು ನೋಡಿ ನನ್ನ ಎದೆ ಧಸಕ್ಕೆಂದಿತು. ಮೂರು ವರ್ಷದ ದರ ನೋಡಿ ಅದೇ ಎದೆ ಅರಳಿತು. ಹನ್ನೆರಡನ್ನೂ ಮೂರು ವರ್ಷಕ್ಕೆ ಕಾದಿರಿಸಿಬಿಟ್ಟರೆ ಬಿಲ್ಲು ಅರ್ಧಕ್ಕಿಂತ ಕೆಳಗಿಳಿಯುತ್ತಿತ್ತು.

ಆ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವಳು ಶಿವಲೀಲಾ. ಗದಗಿನ ಕಡೆಯವಳು, ಸುಂಕದಕಟ್ಟೆಯ ಪಿ.ಜಿ.ಯಲ್ಲಿದ್ದುಕೊಂಡು ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಶನಿವಾರ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದು, ಕೇಳುವ ಮೊದಲೇ ನನ್ನ ಡಬ್ಬಿಯ ಮುಚ್ಚಳದ ಮೇಲೆ ಒಂದು ರೊಟ್ಟಿ ಇಡುತ್ತಿದ್ದಳು. ನನ್ನ ಯೋಜನೆ ಕೇಳಿ ಅವಳು ಒಂದು ಹಾಳೆ ತಂದು ಮೇಜಿನ ಮೇಲೆ ಹರವಿದಳು. ವರ್ಷದ ಹನ್ನೆರಡು ತಿಂಗಳಿಗೂ ಕಂಪ್ಯೂಟರುಗಳು ಎಷ್ಟೆಷ್ಟು ದುಡಿದಿವೆ ಎಂದು ಗೆರೆ ಎಳೆದಿದ್ದಳು. ಜೂನಿನಲ್ಲಿ ಗುಡ್ಡ, ಮಾರ್ಚಿನಲ್ಲಿ ಇನ್ನೊಂದು ಗುಡ್ಡ, ನಡುವೆ ಬಯಲು.

“ಸಾರ್, ನೀವು ಗುಡ್ಡ ನೋಡಿ ಲೆಕ್ಕ ಹಾಕೀರಿ,” ಎಂದಳು. “ಏಪ್ರಿಲ್ ಮೇದಾಗ ಸಾಲಿ ಬಂದ್ ಇರ್ತಾವು. ಆವಾಗ ಇವಕ್ಕ ಏನ್ ಕೆಲಸ? ವರ್ಷಪೂರ್ತಿ ಬೇಕಾಗೂದು ಐದು. ಆ ಐದನ್ನ ಒಂದು ವರ್ಷಕ್ಕ ಹಿಡಿಯೋಣ. ಉಳಿದದ್ದು ಬೇಕಾದಾಗ ಗಂಟೆ ಲೆಕ್ಕದಾಗ ತಗೊಂಡ್ರಾತು.”

“ಮೂರು ವರ್ಷಕ್ಕೆ ಇನ್ನೂ ಕಡಿಮೆ ಅಲ್ವೇನಮ್ಮ?”

“ಕಡಿಮಿ ಐತ್ರಿ. ಆದ್ರ ಮೂರು ವರ್ಷದಾಗ ಏನೇನ್ ಬದಲಾಗ್ತದೋ.”

“ಏನೂ ಬದಲಾಗಲ್ಲ. ಮಕ್ಕಳು ಹುಟ್ಟುತ್ತಾನೇ ಇರ್ತಾರೆ, ಸ್ಕೂಲಿಗೆ ಹೋಗ್ತಾನೇ ಇರ್ತಾರೆ,” ಎಂದೆ. ಚೆನ್ನಾಗಿ ಹೇಳಿದೆ ಎಂದು ನನಗೇ ಅನ್ನಿಸಿತು. ಅಪಾಯದ ಮಾತುಗಳೆಲ್ಲ ಹೇಳುವಾಗ ಚೆನ್ನಾಗಿಯೇ ಇರುತ್ತವೆ.

ರಾಜಶೇಖರನಿಗೆ ಒಂದು ಸಂಜೆ ಕಾಫಿ ಕುಡಿಯುವಾಗ, ಬಿಲ್ಲು ಇಳಿಸುವ ದಾರಿ ಸಿಕ್ಕಿದೆ ಎಂದಷ್ಟೇ ಹೇಳಿದೆ. ಅವನು ಆಗ ಹೊಸ ಶಾಲೆಗಳನ್ನು ಹಿಡಿಯಲು ಊರೂರು ಅಲೆಯುತ್ತಿದ್ದ. “ನೀವು, ಶಿವಲೀಲಾ ಸೇರಿ ನೋಡ್ಕೊಳ್ಳಿ ಸತ್ಯಣ್ಣ,” ಎಂದ. ಮಾರನೆಯ ಬೆಳಿಗ್ಗೆ ಅವಳ ಕುರ್ಚಿಯ ಪಕ್ಕ ನಿಂತು, ಹನ್ನೆರಡನ್ನೂ ಮೂರು ವರ್ಷಕ್ಕೆ ಮಾಡು ಎಂದೆ.

“ಇದನ್ನ ಒಂದು ಮೇಲ್‌ನಾಗ ಬರದು ಕಳಸ್ತೀರೇನ್ರಿ ಸಾರ್?”

“ಮೇಲ್ ಯಾಕಮ್ಮ, ನಾನೇ ಮುಂದೆ ನಿಂತು ಹೇಳ್ತಾ ಇದೀನಲ್ಲ.”

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. “ಒಮ್ಮೆ ಬಟನ್ ಒತ್ತಿದ್ರ ವಾಪಸ್ ತಗೊಳ್ಳಾಕ ಬರೂದಿಲ್ರಿ,” ಎಂದು ಹೇಳಿ ಒತ್ತಿದಳು.

ಕಾದಿರಿಸುವುದು ಎಂಬ ಮಾತಿನ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ನಮ್ಮ ಕನ್ನಡದಲ್ಲಿ ಕಾಯುವುದಕ್ಕೆ ಮೂರು ಅರ್ಥ. ಬಸ್ಸಿಗೆ ಕಾಯುತ್ತೇವೆ, ಹೊಲ ಕಾಯುತ್ತೇವೆ, ಒಲೆಯ ಮೇಲೆ ನೀರು ಕಾಯುತ್ತದೆ. ಇಷ್ಟು ಬೇರೆ ಬೇರೆ ಕೆಲಸಗಳಿಗೆ ಒಂದೇ ಮಾತನ್ನು ಇಟ್ಟ ಹಿರಿಯರು ಜಿಪುಣರಿರಬೇಕು ಎಂದು ಮೊದಲು ಅಂದುಕೊಂಡಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಬಹಳ ಹೊತ್ತು ಕಾಯುವವನು ಒಳಗೊಳಗೇ ಕಾಯುತ್ತಾನೆ ಎನ್ನುವುದನ್ನು ಕಂಡವರೇ ಹಾಗೆ ಇಟ್ಟಿರಬೇಕು.

ಮೊದಲ ಕೆಲವು ತಿಂಗಳು ನನ್ನ ಕಾಲ. ಬಿಲ್ಲು ಇಳಿಯಿತು. ರಾಜಶೇಖರ ಮೈಸೂರು ಪಾಕು ತರಿಸಿ ಹಂಚಿದ. ಸತ್ಯಣ್ಣನ ಕೈಗೆ ಸಿಕ್ಕಿದ ದುಡ್ಡು ಮರಿ ಹಾಕುತ್ತದೆ ಎಂದ. ಬೇಸಿಗೆ ರಜೆ ಬಂತು. ಹನ್ನೆರಡರಲ್ಲಿ ಏಳು ಕಂಪ್ಯೂಟರು ಸುಮ್ಮನೆ ಕುಳಿತವು, ಬಾಡಿಗೆ ಓಡುತ್ತಲೇ ಇತ್ತು. ನಾನು ಅದನ್ನು ಯಾರಿಗೂ ತೋರಿಸಲಿಲ್ಲ. ಜೂನ್ ಬಂದರೆ ಸರಿಹೋಗುತ್ತದೆ ಎಂದುಕೊಂಡೆ.

ಜೂನ್ ಬರುವಷ್ಟರಲ್ಲಿ, ಹಲವು ಶಾಖೆಗಳಿದ್ದ ಒಂದು ಶಾಲೆಯವರು ನಮ್ಮನ್ನು ಬಿಟ್ಟು ತಮ್ಮದೇ ಸಾಫ್ಟ್‌ವೇರ್ ಮಾಡಿಸಿಕೊಂಡರು. ಮಕ್ಕಳೇನೋ ಹುಟ್ಟುತ್ತಲೇ ಇದ್ದರು, ಶಾಲೆಗೂ ಹೋಗುತ್ತಿದ್ದರು, ನಮ್ಮ ಲೆಕ್ಕಕ್ಕೆ ಸಿಗಲಿಲ್ಲ ಅಷ್ಟೆ. ಖರ್ಚು ಇಳಿಸಲೇಬೇಕು ಎಂದು ರಾಜಶೇಖರ ಹೇಳಿದಾಗ ಶಿವಲೀಲಾ ಹಳೆಯ ಪ್ರೋಗ್ರಾಮನ್ನೆಲ್ಲ ಬಿಚ್ಚಿ ಮತ್ತೆ ಬರೆಯಲು ಕೂತಳು. ಆರು ತಿಂಗಳು ತಲೆಯೆತ್ತಲಿಲ್ಲ. ಕೊನೆಗೆ, ಹನ್ನೆರಡು ಕಂಪ್ಯೂಟರು ತಿಣುಕಿ ಮಾಡುತ್ತಿದ್ದ ಕೆಲಸವನ್ನು ನಾಲ್ಕು ಆರಾಮಾಗಿ ಮಾಡುವಂತೆ ಮಾಡಿದಳು. ನಮ್ಮಂಥ ಸಣ್ಣ ಕಂಪನಿಯಲ್ಲಿ ಅದು ಸಾಮಾನ್ಯ ಕೆಲಸವಲ್ಲ. ಬೇರೆ ಕಡೆಯಾಗಿದ್ದರೆ ಅವಳಿಗೆ ಹಾರ ಹಾಕುತ್ತಿದ್ದರು.

ಆ ತಿಂಗಳ ಬಿಲ್ಲು ಒಂದು ರೂಪಾಯಿಯೂ ಇಳಿಯಲಿಲ್ಲ. ಹೇಗೆ ಇಳಿದೀತು, ಹನ್ನೆರಡಕ್ಕೆ ಮಾತು ಕೊಟ್ಟಿದ್ದೆವಲ್ಲ.

ಸೋಮವಾರ ಬೆಳಿಗ್ಗೆ ರಾಜಶೇಖರ ನಮ್ಮೆಲ್ಲರನ್ನೂ ತನ್ನ ಕೋಣೆಗೆ ಕರೆದ. ಲ್ಯಾಪ್‌ಟಾಪಿನಲ್ಲಿ ಹಳೆಯ ಆರ್ಡರು ತೆರೆದಿಟ್ಟಿದ್ದ. ಅವನ ದನಿ ಏರಿರಲಿಲ್ಲ. “ಆರು ತಿಂಗಳು ಕೆಲಸ ಮಾಡಿ ಏನೂ ಉಳೀಲಿಲ್ಲ ಅಂದ್ರೆ ಹೇಗೆ? ಹನ್ನೆರಡನ್ನೂ ಮೂರು ವರ್ಷಕ್ಕೆ ಕಟ್ಟಿ ಕೂತಿದೀವಿ. ಬಿಲ್ಲು ಇಳಿಸೋ ದಾರಿ ಹುಡುಕಿದ್ದು ಸತ್ಯಣ್ಣ ಸರಿ, ಇಷ್ಟು ಉದ್ದಕ್ಕೆ ಕಟ್ಟಿ ಆರ್ಡರು ಹಾಕಿದ್ದು ಯಾರು? ಇಲ್ಲಿ ಶಿವಲೀಲಾ ಹೆಸರಿದೆ.”

ಶಿವಲೀಲಾ ನನ್ನ ಕಡೆ ನೋಡಿದಳು. ನಾನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದೆ. ಅದರ ಮೇಲೆ ಧೂಳೇನೂ ಇರಲಿಲ್ಲ. ಕನ್ನಡಕವಿಲ್ಲದಿದ್ದರೆ ನನಗೆ ಎದುರಿನವರ ಮುಖ ಮಸುಕು, ಅದಕ್ಕೇ ತೆಗೆದೆನೇನೋ.

“ಒತ್ತಿದ್ದು ನಾನೇ ಸಾರ್,” ಎಂದಳು ಅವಳು. ಅದು ನಿಜವೇ ಆಗಿತ್ತು. ಮುಂದೆ ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ಹೇಳಲಿಲ್ಲ. ಹೇಳಬೇಕಾದವನು ನಾನು.

ರಾಜಶೇಖರ ನಿಟ್ಟುಸಿರಿಟ್ಟು, “ಇನ್ನೊಂದು ಸಲ ಇಂಥಾದ್ದು ಮಾಡುವಾಗ ಸತ್ಯಣ್ಣನ್ನಾದ್ರೂ ಒಂದು ಮಾತು ಕೇಳಮ್ಮ,” ಎಂದ.

ಆಗಲೂ ನಾನು ಬಾಯಿ ಬಿಡಲಿಲ್ಲ. ಹೆಸರಿನಲ್ಲೇ ಸತ್ಯವನ್ನು ಇಟ್ಟುಕೊಂಡವನು, ಬಾಯಿಯಲ್ಲಿಯೂ ಯಾಕೆ ಬೇಕು ಎಂದುಕೊಂಡವನ ಹಾಗೆ ಕೂತಿದ್ದೆ. ಯಾಕೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಸ್ವಲ್ಪ ಇತ್ತು. ಅದಕ್ಕಿಂತ ಹೆಚ್ಚಾಗಿ, ನನಗೆ ಆ ಆಫೀಸಿನಲ್ಲಿ ಇದ್ದದ್ದು ಒಂದೇ ಹೆಸರು, ಜಾಗರೂಕ ಮನುಷ್ಯ ಎಂಬುದು. ಅದನ್ನು ಎಲ್ಲರ ಎದುರು ಕಳಚಿಡಲು ಮನಸ್ಸು ಬರಲಿಲ್ಲ. ಸಂಜೆ ರಾಜಶೇಖರ ಒಬ್ಬನೇ ಇದ್ದಾಗ ಹೇಳೋಣ ಎಂದುಕೊಂಡೆ. ಸಂಜೆ ಅವನಿಗೆ ತಲೆನೋವಿತ್ತು. ಮಾರನೆಯ ದಿನ ಯಾವುದೋ ಹಬ್ಬ. ಹೀಗೆ ನೆಪಗಳು ತಾವಾಗಿಯೇ ಬಂದು ಸಾಲಾಗಿ ನಿಂತವು.

ಆ ವರ್ಷ ಶಿವಲೀಲಾಳ ಸಂಬಳ ಏರಲಿಲ್ಲ. ಸಂಬಳದ ಪಟ್ಟಿ ತಯಾರು ಮಾಡುವವನು ನಾನೇ. ಅವಳ ಹೆಸರಿನ ಮುಂದೆ ಹಳೆಯ ಅಂಕಿಯನ್ನೇ ಬರೆದೆ. ಶನಿವಾರ ಅವಳು ರೊಟ್ಟಿ ತರುವುದು ನಿಲ್ಲಿಸಲಿಲ್ಲ, ಆದರೆ ತನ್ನ ಟೇಬಲ್ಲಿನಲ್ಲೇ ಕೂತು ತಿನ್ನುತ್ತಿದ್ದಳು. ಎರಡು ತಿಂಗಳಾದ ಮೇಲೆ ಊರಿನ ಆ ತುದಿಯ ಒಂದು ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿ ಹೊರಟಳು. ಕೊನೆಯ ದಿನ ಒಂದು ಇನ್ನೂರು ಪುಟದ ನೋಟ್‌ಬುಕ್ ನನ್ನ ಮೇಜಿನ ಮೇಲಿಟ್ಟಳು. ತಾನು ಮಾಡುತ್ತಿದ್ದ ಪ್ರತಿಯೊಂದು ಕೆಲಸವನ್ನೂ ದುಂಡಗೆ ಬರೆದಿದ್ದಳು. ಒಂದು ಪುಟದಲ್ಲಿ, ಮೂರು ವರ್ಷ ಮುಗಿಯುವ ತಾರೀಕು, ಅದಕ್ಕೆ ಮೊದಲು ಏನು ನೋಡಬೇಕು, ಎಷ್ಟು ಹಿಡಿಯಬೇಕು ಎಂದೂ ಇತ್ತು. “ಆ ತಾರೀಕು ಮರೀಬ್ಯಾಡ್ರಿ ಸಾರ್,” ಎಂದಳು. “ಮತ್ತ ಪೂರಾ ದರ ಬೀಳತೈತಿ.”

ಅವಳು ಹೋದ ಎಂಟನೆಯ ದಿನ ನಾನು ರಾಜಶೇಖರನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಬೈಯುತ್ತಾನೆ ಎಂದು ಸಿದ್ಧವಾಗಿ ಹೋಗಿದ್ದೆ. ಅವನು ಬೈಯಲಿಲ್ಲ. “ಅವತ್ತೇ ಹೇಳಿದ್ರೆ ನಾನು ನಿಮ್ಮನ್ನ ಏನ್ ಮಾಡ್ತಿದ್ದೆ ಸತ್ಯಣ್ಣ? ಒಂದು ಮಾತು ಅಂತಿದ್ದೆ, ಅಷ್ಟೆ. ಈಗ ನನಗೆ ಹೇಳಿ ಏನುಪಯೋಗ? ಹುಡುಗಿಗೆ ಹೇಳಿ,” ಎಂದ. ಅವಳಿಗೆ ಬರಬೇಕಿದ್ದ ಏರಿಕೆಯನ್ನು ಲೆಕ್ಕ ಹಾಕಿ ಕಳಿಸಲು ಹೇಳಿದ. ಕಳಿಸಿದೆ. ಬಂದಿದೆ ಎಂದು ಅವಳು ಒಂದು ಸಾಲು ಬರೆದಳು.

ನಾನು ಫೋನು ಮಾಡಿ, ಒಂದು ಸಲ ಸಿಗುತ್ತೀಯಾ ಎಂದು ಕೇಳಿದೆ. ಭಾನುವಾರ ಬೆಳಿಗ್ಗೆ ಜ್ಞಾನಭಾರತಿಯಲ್ಲಿ ವಾಕಿಂಗ್ ಬರುತ್ತೇನೆ, ಅಲ್ಲಿಗೆ ಬನ್ನಿ ಎಂದಳು. ಹೋದೆ. ವಿಶ್ವವಿದ್ಯಾಲಯದ ಮರಗಳ ನಡುವಿನ ರಸ್ತೆಯಲ್ಲಿ ಅವಳು ನನಗಾಗಿ ನಡಿಗೆ ನಿಧಾನ ಮಾಡಿಕೊಂಡಳು. ತಪ್ಪಾಯಿತು ಎನ್ನುವುದಕ್ಕೆ ನಾನು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. “ತಪ್ಪು ನಂದು. ಅವತ್ತು ಹೇಳಬೇಕಾಗಿತ್ತು, ಹೇಳಲಿಲ್ಲ,” ಎಂದಷ್ಟೇ ಅಂದೆ.

ಅವಳು ನಡೆಯುತ್ತಲೇ ಹೇಳಿದಳು: “ಹನ್ನೆರಡು ಹಿಡಿದದ್ದಕ್ಕ ನನಗೇನೂ ಸಿಟ್ಟಿಲ್ರಿ ಸಾರ್. ಲೆಕ್ಕ ಯಾರದರ ತಪ್ಪತೈತಿ. ನೀವು ಕನ್ನಡಕ ಒರಸ್ಕೋತ ಕುಂತ್ರಲ್ಲ, ಅದು ಭಾಳ ಕೆಟ್ಟನಿಸ್ತು. ಪಿ.ಜಿ.ಗೆ ಹೋಗಿ ಅತ್ತೆ. ನಮ್ಮಪ್ಪನ ವಯಸ್ಸಿನವ್ರು, ತಾವಾಗಿ ಹೇಳ್ಲಿ ಅಂತ ಎರಡು ತಿಂಗಳು ನೋಡಿದೆ.”

ಗೇಟಿನ ಹತ್ತಿರ ಬಂದಾಗ, “ಈಗರ ಹೇಳಿದ್ರಲ್ಲ, ಆತು ಬಿಡ್ರಿ,” ಎಂದಳು. ಎಳನೀರು ಕುಡಿದೆವು. ದುಡ್ಡು ಅವಳೇ ಕೊಟ್ಟಳು. ಆಮೇಲೆ ಹಬ್ಬಕ್ಕೆ ನಾನು ಶುಭಾಶಯ ಕಳಿಸಿದರೆ ಉತ್ತರ ಕಳಿಸುತ್ತಾಳೆ, ತಾನಾಗಿ ಕಳಿಸುವುದಿಲ್ಲ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ.

ಹೋದ ತಿಂಗಳು ಆ ಮೂರು ವರ್ಷ ಮುಗಿಯಿತು. ಈಗ ಶಿವಲೀಲಾಳ ಜಾಗದಲ್ಲಿರುವವರು ವನಿತಾ ಎಂಬ ಹೆಣ್ಣುಮಗಳು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಸೇರಿದವರು. ನೋಟ್‌ಬುಕ್ಕಿನ ಆ ಪುಟವನ್ನು ಮುಂದಿಟ್ಟುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ನಾಲ್ಕನ್ನು ಮಾತ್ರ, ಒಂದೇ ವರ್ಷಕ್ಕೆ ಹಿಡಿದೆವು. ಒಪ್ಪಿಗೆಯ ಮೇಲ್ ನಾನೇ ಬರೆದು ನನ್ನ ಹೆಸರು ಹಾಕಿದೆ.

ಮೊದಲ ಬಿಲ್ಲು ಬಂದ ದಿನ ರಾಜಶೇಖರ ಎಲ್ಲರ ಎದುರು ಅದನ್ನು ಎತ್ತಿ ಹಿಡಿದು, ಬಿಲ್ಲು ಅಂದರೆ ಹೀಗಿರಬೇಕು ಎಂದ. ಇದು ಶಿವಲೀಲಾಳ ಲೆಕ್ಕ, ನಾವು ನಕಲು ಮಾಡಿದ್ದು ಎಂದೆ ನಾನು. ಅವನು ತಲೆದೂಗಿ ಒಳಗೆ ಹೋದ. ವನಿತಾ ಮಾತ್ರ, “ಯಾರು ಸಾರ್ ಶಿವಲೀಲಾ?” ಎಂದು ಕೇಳಿದರು.

ಇಲ್ಲಿ ಮೊದಲು ಕೆಲಸ ಮಾಡುತ್ತಿದ್ದಳು ಎಂದು ಹೇಳಲು ಹೋಗಿ ತಡೆದೆ. ಕುರ್ಚಿ ಎಳೆದುಕೊಂಡು ಕೂತೆ, ಮೊದಲಿನಿಂದ ಹೇಳಿದೆ. ಆ ಸೋಮವಾರ ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ, ಅವಳಿಗೆ ಹೇಳಿದವನು ನಾನು ಎಂದು. ಹೊತ್ತು ಮೀರಿದ್ದರಿಂದ ಈಗ ಅರ್ಧ ಗಂಟೆ ಹಿಡಿಯಿತು, ಆದರೂ ಪೂರ್ತಿ ಹೇಳಿದೆ ಅನ್ನಿಸಲಿಲ್ಲ. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.