ಬಾಗಿಲ ಹಿಂದಿನ ಎಡೆ

ಎರಡು ವರ್ಷದ ಹಿಂದಿನ ಮಾತು. ಮಹಾನವಮಿ ಅಮಾವಾಸ್ಯೆಗೆ ಇನ್ನೂ ಮೂರ್ನಾಲ್ಕು ವಾರವಿತ್ತು. ಸಿಂದಗಿಯಲ್ಲಿ ಒಂದು ಸಿನಿಮಾ ತೋರಿಸುತ್ತಾರೆ, ಅದೂ ಟಾಕೀಸಿನಲ್ಲಲ್ಲ, ಕಲ್ಯಾಣ ಮಂಟಪದಲ್ಲಿ ಅಂತ ನನ್ನ ಜೊತೆ ಕಲಿಸುವ ಗೆಳತಿ ಹೇಳಿದಳು. ನಾನು ಇಂಡಿ ಊರಿನ ಸೊಸೆ, ತವರು ಬಸವನ ಬಾಗೇವಾಡಿ. ಸಿಂದಗಿ ರಸ್ತೆಯ ಹಳ್ಳಿಯೊಂದರ ಶಾಲೆಯಲ್ಲಿ ಟೀಚರ್. ಸಿನಿಮಾ ಅಂದರೆ ನನಗೆ ಜೀವ. ಒಂದು ಸಿನಿಮಾ ಹಿಡಿಸಿತೋ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ "ನೋಡ್ರಿ, ಬಿಡಬ್ಯಾಡ್ರಿ" ಅಂತ ಹೇಳದೆ ಇಳಿಯುವವಳಲ್ಲ. "ನಿನಗೇನು ಕಮಿಷನ್ ಕೊಡ್ತಾರೇನು?" ಅಂತ ನನ್ನ ಗಂಡ ಕಾಡಿಸುತ್ತಲೇ ಇರುತ್ತಾನೆ.

ಆ ಸಿನಿಮಾ ಮುದ್ದೇಬಿಹಾಳ ಕಡೆಯ ಹುಡುಗ ಹುಡುಗಿಯರು ಕೂಡಿ ಮಾಡಿದ್ದು. ಹಾಡಿಲ್ಲ, ಹೊಡೆದಾಟವಿಲ್ಲ, ಗುರುತಿನ ಮುಖ ಒಂದೂ ಇಲ್ಲ. ಅದಕ್ಕೇ ಟಾಕೀಸಿನವರು ಯಾರೂ ಮುಟ್ಟಿರಲಿಲ್ಲ. ಇವರೇ ಪರದೆ, ಪ್ರೊಜೆಕ್ಟರು ಹೊತ್ತುಕೊಂಡು ಊರೂರು ತಿರುಗುತ್ತಿದ್ದರು. ಸಣ್ಣ ಊರಿನ ಒಂದು ಮನೆಯ ಕಥೆ ಅದು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳೊಬ್ಬಳು ಒಂದು ದಿನ ಹೆಂಡತಿ ಸತ್ತ, ಬಟ್ಟೆ ಹೊಲಿಯುವ ಸಿಂಪಿಗನೊಬ್ಬನ ಜೊತೆ ಹೋಗಿ ಮದುವೆಯಾಗುತ್ತಾಳೆ. ಅಪ್ಪ "ನನ್ನ ಮಗಳು ಸತ್ತಳು" ಅಂದುಬಿಡುತ್ತಾನೆ. ಆ ವರ್ಷದ ಮಹಾನವಮಿ ಅಮಾವಾಸ್ಯೆಯ ದಿನ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ, ಅಪ್ಪನ ಮಾತಿನಂತೆ ಅವ್ವ ಸತ್ತವರ ಜೊತೆ ಬದುಕಿರುವ ಮಗಳಿಗೂ ಒಂದು ಎಡೆ ಇಡುತ್ತಾಳೆ.

ಅಲ್ಲಿಯವರೆಗೆ ಆರಾಮಾಗಿ ಶೇಂಗಾ ತಿನ್ನುತ್ತ ಕೂತಿದ್ದವಳು ನಾನು. ಎಡೆ ಎಲ್ಲಿಟ್ಟರು ಅಂತ ನೋಡಿದೊಡನೆ ಕೈ ನಿಂತಿತು. ದೇವರ ಮನೆಯಲ್ಲಲ್ಲ, ಅಡುಗೆ ಮನೆಯ ಬಾಗಿಲ ಹಿಂದೆ. ಎಲೆಯ ಮೇಲೆ ಹೋಳಿಗೆಯಲ್ಲ, ಗೋಧಿ ಬೆಲ್ಲದ ಮಾದಲಿ. ಪಕ್ಕದಲ್ಲಿ ಕುಪ್ಪಸದ ಒಂದು ಹಳದಿ ಖಣ.

ಇಂಡಿಯ ನಮ್ಮ ಮನೆಯಲ್ಲಿ ಪ್ರತಿ ವರ್ಷ ಹೀಗೇ ಇಡುತ್ತಿದ್ದರು. ಅಜ್ಜ, ಅಜ್ಜಿ, ಮುತ್ತಜ್ಜ ಎಲ್ಲರಿಗೂ ದೇವರ ಮನೆಯಲ್ಲಿ ಹೋಳಿಗೆಯ ಎಡೆ, ಹೊಸ ಧೋತರ, ಹೊಸ ಸೀರೆ. ಆಮೇಲೆ ಮಾವನವರು ತಾವೇ ಒಂದು ಎಲೆ ಒಯ್ದು ಅಡುಗೆ ಮನೆಯ ಬಾಗಿಲ ಹಿಂದೆ ಇಟ್ಟು, ಮಾದಲಿ ಬಡಿಸಿ, ಹಳದಿ ಖಣ ಇಟ್ಟು ಕೈ ಮುಗಿದು ಬರುತ್ತಿದ್ದರು. ಮದುವೆಯಾಗಿ ಬಂದ ಮೊದಲ ವರ್ಷವೇ "ಇದು ಯಾರಿಗ್ರಿ ಅತ್ತೀ?" ಅಂತ ಕೇಳಿದ್ದೆ. "ಹಿರೇರೊಳಗ ಒಬ್ಬಾಕಿ. ಹೆಸರು ಕೇಳಬ್ಯಾಡ" ಅಂದಿದ್ದರು ಅತ್ತೆ. ಕೇಳಬೇಡ ಅಂದರೆ ಸುಮ್ಮನಿರುವ ಜಾತಿಯಲ್ಲ ನನ್ನದು. ಗಂಡನನ್ನು ಕೇಳಿದೆ, ಓಣಿಯ ಮುದುಕಿಯರನ್ನು ಕೇಳಿದೆ. ಗಂಡನಿಗೆ ಗೊತ್ತಿರಲಿಲ್ಲ, ಮುದುಕಿಯರು ಬಾಯಿ ಬಿಡಲಿಲ್ಲ. ಮಾವನವರನ್ನು ಕೇಳುವ ಧೈರ್ಯ ಯಾರಿಗಿದೆ? ಅವರು ನಿಂಬೆ ತೋಟದಲ್ಲಿ ಗಿಡಗಳ ಜೊತೆ ಆಡುವಷ್ಟು ಮಾತನ್ನೂ ಮನೆಯಲ್ಲಿ ಆಡುವವರಲ್ಲ.

ಸಿನಿಮಾದ ಕೊನೆಯಲ್ಲಿ ಆ ಮಗಳು ಮುದುಕಿಯಾಗಿದ್ದಾಳೆ. ತವರಿನಲ್ಲಿ ತನಗೆ ಎಡೆ ಇಡುವ ಸುದ್ದಿ ಬಳೆ ಮಾರುವವಳ ಬಾಯಿಂದ ಎಂದೋ ಅವಳ ಕಿವಿಗೆ ಬಿದ್ದಿದೆ. ಅಂದಿನಿಂದ ಪ್ರತಿ ವರ್ಷ ಅದೇ ಅಮಾವಾಸ್ಯೆಗೆ ಅವಳೂ ಮಾದಲಿ ಮಾಡುತ್ತಾಳೆ. ಬಾಗಿಲ ಹಿಂದೆ ಎಲೆ ಹಾಕಿಕೊಂಡು ಕೂತು, "ಸತ್ತಾಕಿ ಉಣ್ಣಾಕತ್ತಾಳ, ನೋಡ್ರಿ" ಅಂತ ಗೋಡೆಗೆ ಹೇಳಿ ಉಣ್ಣುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

ನಿರ್ದೇಶನ ಮಾಡಿದವಳು ರೇಖಾ ಅಂತ, ತೆಳ್ಳಗಿನ ಹುಡುಗಿ. ವೈರು ಸುತ್ತುತ್ತ ನಿಂತಿದ್ದವಳನ್ನು ಹೋಗಿ ಹಿಡಿದೆ. "ತಂಗಿ, ಈ ಕಥಿ ಎಲ್ಲಿ ಸಿಕ್ತು ನಿನಗ?"

"ನಮ್ಮ ಅಜ್ಜಿದ ಐತ್ರಿ ಅಕ್ಕಾರ."

"ಅಜ್ಜಿ ಅದಾರೇನು?"

"ಅದಾಳ್ರಿ, ತಾಳಿಕೋಟ್ಯಾಗ. ಗಟ್ಟಿ ಅದಾಳ."

"ಇಂಡಿಯಾಗ ಯಾವಾಗ ತೋರಸ್ತೀರಿ?"

ಹುಡುಗಿ ನಕ್ಕಳು. "ಇಂಡಿ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ತೋರಸು ಅಂದಾಳ್ರಿ ಅಜ್ಜಿ. ಯಾಕಂತ ಕೇಳಿದ್ರ ಹೇಳೂದಿಲ್ಲ."

ಇನ್ನೇನು ಉಳಿಯಿತು? ಬಸ್ಸು ಹತ್ತಿದ ಮೇಲೆ ಮನೆ ಮುಟ್ಟುವವರೆಗೂ ತಲೆಯಲ್ಲಿ ಹುಳ ಕೊರೆಯುತ್ತಿತ್ತು. ಆ ಬಾಗಿಲ ಹಿಂದಿನವಳು ಬದುಕಿದ್ದಾಳೆ!

ಮನೆಗೆ ಬಂದವಳೇ ಅತ್ತೆಯನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಅವರು ಅಲ್ಲೇ ಕಟ್ಟೆಯ ಮೇಲೆ ಕುಸಿದರು. "ನೀಲವ್ವ. ನಿಮ್ಮ ಮಾವನ ತಂಗಿ. ನಾ ಈ ಮನಿಗೆ ಬರೂಕಿಂತ ಮೊದಲ ಹೋಗಿದ್ಳು. ಆಕಿ ಇದ್ದಾಳೋ ಇಲ್ಲೋ ಅನ್ನೂದೂ ನಮಗ ಗೊತ್ತಿರಲಿಲ್ಲ" ಅಂದರು.

"ಮಾವಾರಿಗೆ ಹೇಳೂಣು ನಡೀರಿ."

"ನಾವು ಹೇಳಿದ್ರ ಎದ್ದು ತ್ವಾಟಕ್ಕ ಹೋಗಿಬಿಡ್ತಾರ. ಆ ಹೆಸರು ಕಿವಿಗೆ ಬಿದ್ರ ಸಾಕು, ನಿಂತಲ್ಲೆ ನಿಲ್ಲೂದಿಲ್ಲ" ಅಂದು ಅತ್ತೆ ನನ್ನ ಕಡೆ ತಿರುಗಿದರು. "ಎಲ್ಲಾರಿಗೂ ಆ ಸಿನಿಮಾ ನೋಡ್ರಿ, ಈ ಸಿನಿಮಾ ನೋಡ್ರಿ ಅಂತಿಯಲ್ಲ, ಅವರಿಗೂ ಅನ್ನು. ನಾವು ಹೇಳೂದು ಬ್ಯಾಡ. ಅದ ಹೇಳಲಿ."

ನನ್ನ ಅತ್ತೆ ಓದಿದ್ದು ಎರಡನೇ ಇಯತ್ತೆ. ಆದರೆ ಇಂಥ ತಲೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದೂ ಇಲ್ಲ.

ರೇಖಾಳಿಗೆ ಫೋನು ಮಾಡಿ ಕೇಳಿದರೆ, ಮುಂದಿನ ಆಟ ಬಾಗೇವಾಡಿಯಲ್ಲಿ ಅಂದಳು. ನನ್ನ ತವರು! ನನ್ನ ತಾಯಿಯನ್ನು ನೋಡಿಕೊಂಡು ಬರೋಣ, ಹಾಗೇ ಒಂದು ಸಿನಿಮಾ ಇದೆ, ಬಹಳ ಚಲೋ ಇದೆ ಅಂತ ಮಾವನವರ ಬೆನ್ನು ಹತ್ತಿದೆ. "ಸಿನಿಮಾದಾಗ ಏನೈತಿ? ಬರೇ ಸುಳ್ಳು" ಅಂದರು. "ಇದು ಖರೇ ಐತ್ರಿ ಮಾವಾರ" ಅಂದೆ. ಹಾಗಂದ ಮೇಲೆ ನನ್ನ ನಾಲಿಗೆ ನಾನೇ ಕಚ್ಚಿಕೊಂಡೆ. ಅವರು ನನ್ನ ಮುಖ ನೋಡಿ, "ಆತು ನಡಿ" ಅಂದರು.

ಬಾಗೇವಾಡಿಯಲ್ಲಿ ಸಭಾಂಗಣ ಅರ್ಧ ತುಂಬಿತ್ತು. ಮಾವನವರ ಒಂದು ಕಡೆ ಅತ್ತೆ, ಒಂದು ಕಡೆ ನಾನು. ನಾನು ಪರದೆ ನೋಡಲೇ ಇಲ್ಲ, ಅವರ ಮುಖ ನೋಡುತ್ತ ಕೂತೆ. ತಪ್ಪು ಮಾಡಿದೆನೇನೋ, ವಯಸ್ಸಾದವರು, ಎದೆಗೇನಾದರೂ ಆದರೆ ಅಂತ ಹೆದರಿಕೆ ಬೇರೆ. ಅಪ್ಪ "ಸತ್ತಳು" ಅಂದಾಗ ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಾಗಿಲ ಹಿಂದಿನ ಎಡೆ ಬಂದಾಗ ಅವರ ಉಸಿರು ನನಗೆ ಕೇಳುತ್ತಿತ್ತು. ಕೊನೆಗೆ ಮುದುಕಿ ಎಲೆಯ ಮುಂದೆ ಕೂತು ಮೊದಲ ತುತ್ತು ಎತ್ತಿದಳು. ಮಾವನವರು ಎದ್ದು ನಿಂತುಬಿಟ್ಟರು.

ಪ್ರೊಜೆಕ್ಟರಿನ ಬೆಳಕಿಗೆ ಅವರ ನೆರಳು ಪರದೆ ತುಂಬ ಬಿತ್ತು. "ಏ ಅಜ್ಜಾರ, ಕುಂದರ್ರಿ, ಕಾಣವಲ್ದು" ಅಂತ ಹಿಂದಿನವರು ಕೂಗಿದರು. ಅತ್ತೆ ಧೋತರದ ಚುಂಗು ಹಿಡಿದು ಜಗ್ಗಿದರು. ಅವರಿಗೆ ಏನೂ ಕೇಳಿಸಲಿಲ್ಲ.

"ಆಕಿ ಜೀವಂತ ಅದಾಳೇನು?" ಅಂತ ಕತ್ತಲಿಗೆ ಕೇಳಿದರು. "ಈ ಸಿನಿಮಾ ಮಾಡಿದವ್ರು ಯಾರು? ಹೇಳ್ರಿ, ನಮ್ಮ ನೀಲಾ ಜೀವಂತ ಅದಾಳೇನು?"

ಪ್ರೊಜೆಕ್ಟರಿನ ಪಕ್ಕದಿಂದ ರೇಖಾಳ ದನಿ ಸಣ್ಣದಾಗಿ ಬಂತು. "ಅದಾಳ್ರಿ. ನೀವು ಯಾರ್ರಿ?"

"ಆಕಿ ಅಣ್ಣ" ಅಂದವರು ಕೂತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ತವರಿನಲ್ಲಿ ಚಹಾ ಕುಡಿಯುತ್ತ, "ಅಮಾಸಿ ಬರೂದ್ರಾಗ ಹೋಗಬೇಕು. ಬದುಕ್ಯಾಳಂತ ಗೊತ್ತಾದ ಮ್ಯಾಲ ನಾ ಹೆಂಗ ಎಡಿ ಇಡಲಿ?" ಅಂದರು ಮಾವನವರು. ರೇಖಾ, ನಾನು, ಅತ್ತೆ, ಅವರು, ನಾಲ್ವರೂ ಹೊರಟೆವು. ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ ಮಾವನವರು ತಾಳಿಕೋಟೆ ಬಸ್ಸು ಬಂದರೂ ಏಳಲಿಲ್ಲ. "ಅಪ್ಪ ಹೋದಾಗರ ನಾ ಹುಡಕೊಂಡು ಹೋಗಬೇಕಿತ್ತು. ಅವ್ವ ಹೋದಾಗರ ಹೋಗಬೇಕಿತ್ತು. ಈಗ ಯಾವ ಮಾರಿ ಹೊತ್ಗೊಂಡು ಹೋಗಲಿ? ಆಕಿ ಒಳಗ ಕರೀಲಿಲ್ಲಂದ್ರ?" ಅಂದರು. ಅತ್ತೆ ಕೈ ಹಿಡಿದು ಎಬ್ಬಿಸಿದರು. "ಕರೀಲಿಲ್ಲಂದ್ರ ಹೊರಗ ನಿಂತು ನೋಡಿ ಬರೂಣು. ಏಳ್ರಿ."

ತಾಳಿಕೋಟೆಯ ಆ ಮನೆ ಸಣ್ಣದು. ಹೊಸ್ತಿಲ ಹತ್ತಿರ ಹೊಲಿಗೆ ಮಷಿನ್ನು. ನೀಲವ್ವ ಅದರ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಮೊಮ್ಮಗಳ ಹಿಂದೆ ನಿಂತವರನ್ನು ನೋಡಿದರು. ನೋಡಿದ ಕೂಡಲೇ ಗುರುತು ಹಿಡಿದರು, ನನಗೆ ಗೊತ್ತಾಯಿತು, ದಾರ ಕೈಯಿಂದ ಜಾರಿತು. ಆದರೂ ಕೇಳಿದ್ದು, "ಯಾರು ಬೇಕಾಗಿತ್ರಿ?" ಅಂತ. ಒಡಹುಟ್ಟಿದ ಅಣ್ಣನಿಗೆ ದಾರಿಹೋಕರಿಗೆ ಅನ್ನುವ ಹಾಗೆ "ರಿ" ಹಚ್ಚಿ.

"ನಾನು, ಮಲ್ಲಪ್ಪ. ಇಂಡಿಯಿಂದ."

"ಮಲ್ಲಪ್ಪನ ತಂಗಿ ಸತ್ತಾಳಂತ ಕೇಳೇನಲ್ರಿ."

ರೇಖಾ "ಅಜ್ಜಿ!" ಅಂದಳು. ಮಾವನವರು ಚಪ್ಪಲಿ ಬಿಡಲಿಲ್ಲ, ಹೊಸ್ತಿಲು ದಾಟಲಿಲ್ಲ. ಬಿಸಿಲಿನಲ್ಲೇ ನಿಂತು ಹೇಳಿದರು.

"ನೀಲಾ, ಸಿನಿಮಾ ನೋಡಿದೆ. ಎಲ್ಲಾ ಖರೇ ತೋರ್ಸೀರಿ. ಒಂದು ತಪ್ಪೈತಿ. ಅದನ್ನ ಹೇಳಾಕ ಬಂದೇನಿ. ಹೇಳಿ ಹೋಗ್ತೇನಿ."

ನೀಲವ್ವ ಬಿದ್ದ ದಾರ ಎತ್ತಿಕೊಂಡು ಮತ್ತೆ ಸೂಜಿಗೆ ಹಿಡಿದರು.

"ಆ ಎಡಿ ಅಪ್ಪ ಇಡಸಿದ್ದಲ್ಲ. ನಿನ್ನ ಹೆಸರು ಈ ಮನ್ಯಾಗ ಯಾರೂ ಎತ್ತಬಾರದು, ನಿನ್ನ ನೆನಸಿ ಯಾರೂ ಒಂದು ತುತ್ತು ತಗದಿಡಬಾರದು ಅಂತ ಅಪ್ಪ ಆಣಿ ಹಾಕಿದ್ದ. ಅವ್ವ ತಿಂಗಳಗಟ್ಟಲೆ ಸರಿಯಾಗಿ ಉಣಲಿಲ್ಲ. ಅಮಾಸಿ ದಿನ ಎದ್ದು ಮಾದಲಿ ಮಾಡಿದ್ಳು. ಬಾಗಿಲ ಹಿಂದ ಎಲಿ ಹಾಕಿದ್ಳು. ಅಪ್ಪ ಬಂದು 'ಇದು ಯಾರಿಗೆ?' ಅಂದ. 'ಸತ್ತಾಕೀಗೆ. ಸತ್ತಾಳಂತ ನೀವ ಅಂದ್ರೆಲ್ಲ, ಸತ್ತಾಕೀಗೆ ಎಡಿ ಇಡಬ್ಯಾಡ ಅನ್ರಿ ನೋಡೂಣು' ಅಂದ್ಳು ಅವ್ವ. ಅಪ್ಪ ತಿರುಗಿ ಹೊರಗ ಹೋದ. ನಾ ಅಲ್ಲೇ ನಿಂತಿದ್ದೆ. ಬದುಕಿದ ಮಗಳಿಗೆ ಉಣ್ಣಾಕ ಇಡಾಕ ಆಕೀಗೆ ಬ್ಯಾರೆ ದಾರಿ ಇರಲಿಲ್ಲ. ಸಾಯು ಮುಂದ ನನ್ನ ಕೈ ಹಿಡದು, 'ನೀಲಾನ ಎಲಿ ಬಿಡಬ್ಯಾಡ' ಅಂದು ಹೋದ್ಳು. ನಾ ಬಿಟ್ಟಿಲ್ಲ. ಇಷ್ಟ ಹೇಳಬೇಕಿತ್ತು."

ಹೇಳಿ ನಿಜವಾಗಿಯೂ ತಿರುಗಿದರು. ಈ ಮಾತು ಅತ್ತೆಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರೂ ಅದನ್ನು ಸಿಟ್ಟಿನ ಎಡೆ ಅಂತಲೇ ತಿಳಿದಿದ್ದರಂತೆ. ನಾನು ನೀಲವ್ವನನ್ನೇ ನೋಡುತ್ತಿದ್ದೆ.

ಅವರು ಮಷಿನ್ನಿನ ಹಲಗೆಗೆ ಎರಡೂ ಕೈ ಊರಿ ಎದ್ದರು. ಹೊಸ್ತಿಲವರೆಗೆ ಬಂದರು. ಆಮೇಲೆ ಅಣ್ಣನ ತೋಳು ಹಿಡಿದು, ಸಣ್ಣ ಹುಡುಗಿ ಅತ್ತ ಹಾಗೆ ಅತ್ತರು.

"ಪ್ರತಿ ವರ್ಷ ಅವ್ವನ್ನ ಬೈಕೋತ ಉಂಡೆನಲ್ಲೋ ಅಣ್ಣಾ."

ಆಮೇಲೆ ಒಳಗೆ ಹೋದೆವು, ರೊಟ್ಟಿ ತಿಂದೆವು, ಸಂಜೆಯ ತನಕ ಕೂತೆವು. ನಡುವೆ ರೇಖಾ ಅಳುಮುಖ ಮಾಡಿಕೊಂಡು, "ಅಜ್ಜಿ, ಸಿನಿಮಾ ತಿದ್ದಲೇನು?" ಅಂದಳು. ನೀಲವ್ವ ಯೋಚಿಸಿ ಹೇಳಿದರು. "ಬ್ಯಾಡ. ನಾ ತಿಳಕೊಂಡಿದ್ದು ಹಂಗ ಇತ್ತು, ಹಂಗ ಇರಲಿ. ಇಂಡಿಯಾಗ ತೋರಸು. ಮುಗದ ಮ್ಯಾಲ ನಾ ಎದ್ದು ನಿಂತು ಉಳದದ್ದು ಹೇಳ್ತೇನಿ."

ಹಾಗೇ ಆಯಿತು. ಅಮಾವಾಸ್ಯೆ ಕಳೆದ ಮೇಲೆ ಇಂಡಿಯಲ್ಲಿ ಆಟ ಇಟ್ಟರು. ನಾನು ಊರೆಲ್ಲ ತಿರುಗಿ ಕರೆದಿದ್ದೆ, ಕೂರಲು ಜಾಗವಿರಲಿಲ್ಲ. ಅಂದು ನನ್ನ ಮುಂದೆ ಬಾಯಿ ಬಿಡದ ಓಣಿಯ ಮುದುಕಿಯರೆಲ್ಲ ಮುಂದಿನ ಸಾಲಿನಲ್ಲಿದ್ದರು. ಸಿನಿಮಾ ಮುಗಿದು ಲೈಟು ಹತ್ತಿದಾಗ ನೀಲವ್ವ ಮಾವನವರ ಹೆಗಲು ಹಿಡಿದು ಎದ್ದರು. ದೊಡ್ಡದಾಗಿ ಹೇಳಬೇಕೆಂದು ಬಂದಿದ್ದರು, ಆಗಲಿಲ್ಲ. "ಇದರಾಗಿನ ಅವ್ವ ಕೆಟ್ಟಾಕಿ ಅಲ್ರಿ. ನನಗ ಗೊತ್ತಿರಲಿಲ್ಲ" ಅಂದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟರು. ಮುಂದಿನದನ್ನು ಮಾವನವರು ಹೇಳಿದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಇಂಡಿ ಊರು ಅದೇ ಮೊದಲು ಕೇಳಿತು.

ಆ ಸಿನಿಮಾ ನೋಡಿ ಅಂತ ಈಗಲೂ ಸಿಕ್ಕವರಿಗೆಲ್ಲ ಹೇಳುತ್ತೇನೆ. ಗಂಡ ಈಗ ಕಮಿಷನ್ನಿನ ಮಾತು ಎತ್ತುವುದಿಲ್ಲ. ಆದರೆ ನನ್ನಲ್ಲೇ ಒಂದು ಬದಲಾವಣೆ ಆಗಿದೆ. ಯಾವ ಸಿನಿಮಾದಲ್ಲಿ ಯಾರನ್ನು ಕೆಟ್ಟವರೆಂದು ತೋರಿಸಿದರೂ, ಹೋಗಿ ಅವರನ್ನೊಮ್ಮೆ ಕೇಳಿದವರು ಯಾರಾದರೂ ಇದ್ದಾರೋ ಇಲ್ಲವೋ ಅನಿಸುತ್ತದೆ. ನೀಲವ್ವನ ಅವ್ವನನ್ನು ಕೇಳುವುದು ಮಾತ್ರ ಇನ್ನು ಯಾರಿಗೂ ಸಾಧ್ಯವಿಲ್ಲ.